ಲಾರಿ ಡಿಸ್ಕಿಗೆ ಸ್ಪ್ರೇ ಪೇಂಟ್ ಹೊಡೆಯುವ ಮುಂಚೆ ಇದನ್ನೊಮ್ಮೆ ಓದಿ

ಹೋದ ವರ್ಷ ಸಕಲೇಶಪುರ ದಾಟಿ ದೋಣಿಗಲ್ ಹತ್ತಿರ ನನ್ನ ಲಾರಿಯ ಹಿಂದಿನ ಎಡಗಡೆ ಚಕ್ರ ಕಳಚಿ ಬೀಳುವುದರಲ್ಲಿತ್ತು. ಗಾಡಿ ಮೇಲೆ ಒಂಬತ್ತು ಟನ್ ತೆಂಗಿನಕಾಯಿ. ಮುಂದೆ ಶಿರಾಡಿ ಘಾಟಿ ಇಳಿಯಬೇಕಿತ್ತು. ಇದಕ್ಕೆ ಕಾರಣ ನಾನೇ ಮನೆ ಮುಂದೆ ಕೂತು ಡಿಸ್ಕುಗಳಿಗೆ, ಅಂದರೆ ಟೈರು ಕೂರುವ ಕಬ್ಬಿಣದ ಚಕ್ರಗಳಿಗೆ, ಹೊಡೆದ ಸ್ಪ್ರೇ ಪೇಂಟ್. ಬಣ್ಣ ಹೊಡೆದರೆ ಚಕ್ರ ಸಡಿಲ ಆಗುತ್ತಾ ಅಂತ ನಿಮಗೆ ಅನ್ನಿಸಬಹುದು. ಯಾರಾದರೂ ಹೇಳಿದ್ದರೆ ನಾನೂ ಆವತ್ತು ನಂಬುತ್ತಿರಲಿಲ್ಲ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್) ಬಂತು, ಆಯುಧ ಪೂಜೆ ಬಂತು ಅಂತ ನಮ್ಮಲ್ಲಿ ಎಷ್ಟೋ ಜನ ಇದೇ ಕೆಲಸ ಮಾಡುತ್ತಾರೆ. ಅದಕ್ಕೇ ಆಗಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ನನ್ನದು ತಿಪಟೂರು ಕಡೆ. 14 ವರ್ಷ ಹಳೆಯ ಆರು ಚಕ್ರದ ಲಾರಿ, ಹಿಂದೆ ಎರಡೂ ಕಡೆ ಜೋಡಿ ಚಕ್ರ. 10.00-20 ಸೈಜಿನ ಟೈರು, ಒಂದೊಂದು ಚಕ್ರಕ್ಕೆ 10 ನಟ್ಟು. ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷವೂ ಎಫ್‌ಸಿ ಮಾಡಿಸಬೇಕು. ಗಾಡಿಯ ಮೈಗೆ ಒಂದು ಕೈ ಬಣ್ಣ, ಲೈಟು, ರಿಫ್ಲೆಕ್ಟರ್ ಟೇಪು, ಇನ್ಶೂರೆನ್ಸ್ ಎಲ್ಲ ಒಟ್ಟಿಗೇ ಬರುತ್ತದೆ. ಅಷ್ಟರಲ್ಲಿ ಕೈ ಖಾಲಿ ಆಗಿತ್ತು. ಡಿಸ್ಕುಗಳು ಮಾತ್ರ ತುಕ್ಕು ಹಿಡಿದು ನೋಡಲಾರದ ಹಾಗಿದ್ದವು. ಪೇಂಟರ್ ಹತ್ತಿರ ಕೇಳಿದೆ. ಸ್ಟೆಪ್ನಿ ಸೇರಿ ಏಳು ಡಿಸ್ಕಿಗೆ 5,500 ರೂಪಾಯಿ ಅಂದರು. ಸ್ಪ್ರೇ ಡಬ್ಬಿ, ರೆಡ್ ಆಕ್ಸೈಡ್, ಉಪ್ಪು ಕಾಗದ ಎಲ್ಲ ಸೇರಿ 2,700ರಲ್ಲಿ ನಾನೇ ಮುಗಿಸಬಹುದು ಅಂತ ಲೆಕ್ಕ ಹಾಕಿದೆ. ಉಳಿಯುವ ದುಡ್ಡಲ್ಲಿ ಡೀಸೆಲ್ ಹಾಕಿಸಬಹುದಲ್ವಾ.

ಚಕ್ರ ಬಿಚ್ಚಿದೆವು. ನಾನು, ನನ್ನ ತಮ್ಮ, ಜೊತೆಗೆ ಕ್ಲೀನರ್ ಹುಡುಗ. ವೈರ್ ಬ್ರಷ್ಷಲ್ಲಿ ಮೇಲಿನ ತುಕ್ಕು ಉಜ್ಜಿದೆವು. ಗ್ರೀಸ್ ಅಂಟಿದ್ದ ಕಡೆ ಬಟ್ಟೆಯಲ್ಲಿ ಒರೆಸಿದೆವು, ಥಿನ್ನರ್ ಹಾಕಲಿಲ್ಲ. ಎರಡೂ ಮಗ್ಗುಲಿಗೆ ಸಿಲ್ವರ್ ಹೊಡೆದೆ. ಒಂದು ಕೋಟು ಸಾಲದು ಅಂತ ನಾಲ್ಕು ಕೋಟು. ಚಕ್ರ ಹೇಗೂ ಬಿಚ್ಚಿದೆಯಲ್ಲ ಅಂತ ಹಬ್ಬಿನ (ಆಕ್ಸೆಲ್ ತುದಿಯಲ್ಲಿ ಡಿಸ್ಕು ಕೂರುವ ಭಾಗದ) ಮುಖಕ್ಕೂ ಕಪ್ಪು ಹೊಡೆದೆ. ನಟ್ಟು ಕೂರುವ ಜಾಗ, ಡಿಸ್ಕಿಗೆ ಡಿಸ್ಕು ತಾಗುವ ಜಾಗ, ಯಾವುದನ್ನೂ ಬಿಡಲಿಲ್ಲ. ಎಲ್ಲ ಕಡೆ ಒಂದೇ ಸಮ ಬಣ್ಣ ಇದ್ದರೆ ತುಕ್ಕು ಹಿಡಿಯುವುದಿಲ್ಲ ಅಂದುಕೊಂಡಿದ್ದೆ. ಸಂಜೆ ಮುಟ್ಟಿ ನೋಡಿದರೆ ಕೈಗೆ ಅಂಟಲಿಲ್ಲ. ಒಣಗಿದೆ ಅಂತ ಮಾರನೇ ದಿನ ಬೆಳಿಗ್ಗೆಯೇ ಚಕ್ರ ಏರಿಸಿದೆವು. ವೀಲ್ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಮೇಲೆ ನಿಂತು ತುಳಿದು ಬಿಗಿ ಮಾಡಿದೆವು. ಬಿಗಿ ಮಾಡುವುದರಲ್ಲಿ ನಾವು ಏನೂ ಕಡಿಮೆ ಮಾಡಲಿಲ್ಲ.

ಎಫ್‌ಸಿ ಆಯಿತು. ಎರಡು ದಿನ ಬಿಟ್ಟು ಮಂಗಳೂರು ಕಡೆಗೆ ಕಾಯಿ ಲೋಡು ಸಿಕ್ಕಿತು. ಅರಸೀಕೆರೆ, ಹಾಸನ ದಾಟಿ ಸಕಲೇಶಪುರದವರೆಗೆ ಏನೂ ಗೊತ್ತಾಗಲಿಲ್ಲ. ಹಾಸನದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಟೈರಿಗೆ ಬಡಿದು ಗಾಳಿ ನೋಡಿದೆ. ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡಲಿಲ್ಲ. ಸಕಲೇಶಪುರ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಧಾನ ಮಾಡಿದಾಗಲೆಲ್ಲ ಹಿಂದಿನಿಂದ ಟಕ್ ಟಕ್ ಅಂತ ಶಬ್ದ. ಟೈರಿಗೆ ಕಲ್ಲು ಸಿಕ್ಕಿದೆ ಅಂದುಕೊಂಡೆ. ಹಿಂದೆ ಬರುತ್ತಿದ್ದ ಬೈಕಿನವರು ಮುಂದೆ ಬಂದು ಕೈ ಬೀಸಿದರು. ಗಂಡ ಹೆಂಡತಿ, ನಡುವೆ ಒಂದು ಮಗು. 'ಚಕ್ರ ಅಲ್ಲಾಡ್ತಿದೆ ಅಣ್ಣಾ' ಅಂತ ಕೂಗಿ ಹೇಳಿ ಹೋದರು. ಅಲ್ಲಿಯವರೆಗೆ ಅವರು ನನ್ನ ಗಾಡಿಯ ಹಿಂದೆಯೇ ಇದ್ದರು. 10.00-20 ಟೈರು ಡಿಸ್ಕಿನ ಸಮೇತ ಹೆಚ್ಚುಕಡಿಮೆ ನೂರು ಕೆಜಿ ತೂಗುತ್ತದೆ. ಅದು ಕಳಚಿಕೊಂಡು ಉರುಳಿದ್ದರೆ? ಈಗಲೂ ರಾತ್ರಿ ಗಾಡಿ ಓಡಿಸುವಾಗ ಆ ಮಗುವಿನ ಮುಖ ಕಣ್ಣೆದುರು ಬರುತ್ತದೆ.

ನಿಲ್ಲಿಸಿ ನೋಡಿದೆ. ಹತ್ತು ನಟ್ಟಲ್ಲಿ ಆರು ಬೆರಳಲ್ಲೇ ತಿರುಗುತ್ತಿದ್ದವು. ನಟ್ಟು ಕೂರುವ ಬೋಲ್ಟುಗಳಲ್ಲಿ, ಅಂದರೆ ಸ್ಟಡ್ಡುಗಳಲ್ಲಿ, ಎರಡು ಬುಡದಲ್ಲೇ ತುಂಡಾಗಿದ್ದವು. ಹೊರಗಿನ ಡಿಸ್ಕಿನ ತೂತುಗಳು ಮೊಟ್ಟೆಯ ಆಕಾರಕ್ಕೆ ಬಂದಿದ್ದವು. ನಟ್ಟಿನ ಸುತ್ತ ಬೂದಿ ಬಣ್ಣದ ಪುಡಿ ಉದುರಿತ್ತು.

ಹತ್ತಿರದ ಊರಿಂದ ಒಬ್ಬ ಮೆಕ್ಯಾನಿಕ್ ಬಂದರು. ವಯಸ್ಸಾದವರು. ಎರಡೂ ಟೈರಿನ ಗಾಳಿ ಪೂರ್ತಿ ತೆಗೆಸಿ, ಆಮೇಲೆ ಚಕ್ರ ಬಿಚ್ಚಿದರು. ಡಿಸ್ಕನ್ನು ನೆಲಕ್ಕೆ ಮಲಗಿಸಿ ನಟ್ಟು ಕೂರುವ ಜಾಗಕ್ಕೆ ಉಗುರು ಒತ್ತಿದರು. ಬಣ್ಣ ಮೇಣದ ಹಾಗೆ ಸುರುಳಿಯಾಗಿ ಎದ್ದು ಬಂತು. ಮೇಲೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ. ನಟ್ಟು ಒತ್ತಿದ ಕಡೆಯೆಲ್ಲ ಬಣ್ಣ ಪಕ್ಕಕ್ಕೆ ಸರಿದು ಸಣ್ಣ ಕಟ್ಟೆ ಕಟ್ಟಿದ ಹಾಗೆ ನಿಂತಿತ್ತು.

'ಇದಕ್ಕೆ ಬಣ್ಣ ಯಾರು ಹೊಡೆದಿದ್ದು ತಮ್ಮಾ?' ಅಂದರು. ನಾನೇ ಅಂದೆ. 'ನೀನು ನಟ್ಟು ಬಿಗಿ ಮಾಡಿದ್ದು ಕಬ್ಬಿಣಕ್ಕಲ್ಲ, ಬಣ್ಣಕ್ಕೆ' ಅಂದರು.

ಅವರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಟ್ಟು ಬಿಗಿದಾಗ ಸ್ಟಡ್ಡು ಚೂರೇ ಚೂರು ಹಿಗ್ಗುತ್ತದೆ. ಒಂದು ಮಿಲಿಮೀಟರನ್ನು ಹತ್ತು ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗ, ಅಷ್ಟೇ. ಹಿಗ್ಗಿದ ಸ್ಟಡ್ಡು ವಾಪಸ್ ಕುಗ್ಗಲು ನೋಡುತ್ತದೆ. ಆ ಎಳೆತವೇ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಯುವುದು. ಲೋಡು ನಿಲ್ಲುವುದೂ ಹಾಗೆ ಒತ್ತಿ ಹಿಡಿದ ಎರಡು ಕಬ್ಬಿಣದ ಮುಖಗಳ ಹಿಡಿತದ ಮೇಲೆ. ಈಗ ಹಿಂದಿನ ಜೋಡಿ ಚಕ್ರ ನೋಡಿ. ಹಬ್ಬಿನ ಮುಖ ಒಂದು, ಒಳ ಡಿಸ್ಕಿಗೆ ಎರಡು ಮುಖ, ಹೊರ ಡಿಸ್ಕಿಗೆ ಎರಡು ಮುಖ. ಐದು ಕಡೆ ಬಣ್ಣ, ಹೆಚ್ಚಿನ ಕಡೆ ನಾಲ್ಕು ಕೋಟು. ಎಲ್ಲ ಸೇರಿದರೆ ಸ್ಟಡ್ಡು ಹಿಗ್ಗಿದಷ್ಟೇ ದಪ್ಪ ಆಗಿಬಿಡಬಹುದು. ಲೋಡು ಬಿದ್ದು, ಬ್ರೇಕ್ ಡ್ರಮ್ಮಿನ ಬಿಸಿ ತಾಗಿ ಆ ಬಣ್ಣ ಮೆತ್ತಗಾಗಿ ಜಾರಿಕೊಂಡರೆ ಸ್ಟಡ್ಡಿನ ಎಳೆತವೂ ಹೋಯಿತು. ಆಮೇಲೆ ಡಿಸ್ಕು ಅಲ್ಲಾಡುತ್ತದೆ, ತೂತು ಅಗಲ ಆಗುತ್ತದೆ, ಸ್ಟಡ್ಡು ಬಗ್ಗಿ ಬಗ್ಗಿ ತುಂಡಾಗುತ್ತದೆ. ಪೈಪಿನ ಮೇಲೆ ಎಷ್ಟು ತುಳಿದಿದ್ದರೂ ಅಷ್ಟೇ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಹೆದರಿಸಿತು. ಅವರು ಒಳಗಿನ ಡಿಸ್ಕನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿದರು. ಎರಡು ತೂತುಗಳ ನಡುವೆ ಕೂದಲಿನ ಹಾಗೆ ಒಂದು ಗೆರೆ ಕಾಣಿಸಿತು. ಉದ್ದ ಎರಡು ಇಂಚು ಇರಬಹುದು. ಬಿರುಕು. ಬಣ್ಣ ಹೊಡೆಯುವ ಮುಂಚೆ ಅದೇ ಜಾಗದಲ್ಲಿ ಕೆಂಪು ತುಕ್ಕಿನ ಗೆರೆ ಇಳಿದಿದ್ದು ನನಗೆ ಚೆನ್ನಾಗಿ ನೆನಪಿದೆ. ಕೊಳೆ ಅಂತ ಉಜ್ಜಿ, ಅದರ ಮೇಲೇ ಸಿಲ್ವರ್ ಹೊಡೆದಿದ್ದೆ. ತೂತಿನಿಂದ ಅಥವಾ ನಟ್ಟಿನ ಬುಡದಿಂದ ಹೀಗೆ ಕೆಂಪು ಗೆರೆ ಇಳಿದಿದ್ದರೆ ಅಲ್ಲಿ ನಟ್ಟು ಸಡಿಲ ಇದೆ, ಇಲ್ಲವೇ ಬಿರುಕು ಬಿಟ್ಟಿದೆ ಅಂತ ಅನುಮಾನ ಪಡಲೇಬೇಕು. ಡಿಸ್ಕು ನಮಗೆ ಕೊಡುವ ಸೂಚನೆ ಅದು. ನಾನು ಅದನ್ನೇ ಬಣ್ಣದಲ್ಲಿ ಮುಚ್ಚಿದ್ದೆ.

ಎರಡು ಡಿಸ್ಕು, ಹತ್ತೂ ಸ್ಟಡ್ಡು ನಟ್ಟು, ಕೂಲಿ, ಎರಡು ದಿನದ ಬಾಡಿಗೆ ಎಲ್ಲ ಸೇರಿ 18,500 ರೂಪಾಯಿ ಹೋಯಿತು. ಒಂದೆರಡು ಸ್ಟಡ್ಡು ಮಾತ್ರ ಹಾಕಿಸೋಣ ಅಂದಿದ್ದೆ. ಮೆಕ್ಯಾನಿಕ್ ಒಪ್ಪಲಿಲ್ಲ. ಎರಡು ತುಂಡಾದ ಮೇಲೆ ಉಳಿದವು ಅವುಗಳ ಭಾರವನ್ನೂ ಹೊತ್ತು ಬಗ್ಗಿರುತ್ತವೆ, ಎಲ್ಲವನ್ನೂ ಬದಲಿಸಬೇಕು ಅಂದರು. ಅದು ಸರಿ.

ಸ್ಪ್ರೇ ಪೇಂಟ್ ಹೊಡೆಯಲೇಬೇಡಿ ಅಂತ ನಾನು ಹೇಳುವುದಿಲ್ಲ. ದುಡ್ಡು ಇಲ್ಲದಾಗ ಏನು ಮಾಡುವುದು, ಹೊಡೆಯಿರಿ. ಆದರೆ ಚಕ್ರ ಬಿಚ್ಚುವ ಮುಂಚೆಯೇ ಗಾಳಿ ತೆಗೆಯಿರಿ. ಜೋಡಿ ಚಕ್ರ ಆದರೆ ಎರಡರದ್ದೂ. ನಮ್ಮ ಹಳೇ ಡಿಸ್ಕುಗಳಿಗೆ ಟೈರು ಹೊರಗೆ ಬರದ ಹಾಗೆ ಹಿಡಿಯುವ ಕಬ್ಬಿಣದ ಬಳೆ, ಲಾಕ್ ರಿಂಗ್, ಇರುತ್ತದೆ. ಡಿಸ್ಕು ಒಡೆದಿದ್ದರೆ ನಟ್ಟು ಸಡಿಲಿಸುವಾಗಲೇ ರಿಂಗ್ ಸಿಡಿದು ಮೇಲೆ ಬೀಳಬಹುದು. ಜೀವ ಹೋಗುವ ವಿಷಯ ಇದು. ರಿಂಗ್ ಕೂರುವ ಕಾಲುವೆಯಲ್ಲಿ ತುಕ್ಕು ಬಿಟ್ಟು ಅದರ ಮೇಲೆ ದಪ್ಪಗೆ ಬಣ್ಣ ತುಂಬಬೇಡಿ, ರಿಂಗ್ ಸರಿಯಾಗಿ ಕೂರುವುದಿಲ್ಲ. ಗಾಳಿ ತುಂಬುವಾಗ ಅದರ ಎದುರು ಯಾರೂ ನಿಲ್ಲಬಾರದು, ಕಬ್ಬಿಣದ ಪಂಜರ ಇರುವ ಅಂಗಡಿಯಲ್ಲೇ ತುಂಬಿಸಿ.

ಮೊದಲು ಥಿನ್ನರ್‌ನಲ್ಲಿ ಗ್ರೀಸ್ ತೆಗೆಯಿರಿ. ತುಕ್ಕನ್ನು ಕಬ್ಬಿಣ ಹೊಳೆಯುವ ತನಕ ಉಜ್ಜಿ. ಆಮೇಲೆ ಪ್ರತಿ ತೂತಿನ ಸುತ್ತ, ಡಿಸ್ಕಿನಲ್ಲಿರುವ ದೊಡ್ಡ ಕಿಂಡಿಗಳ ಅಂಚಿನಲ್ಲಿ, ಹಗಲು ಬೆಳಕಲ್ಲಿ ನಿಧಾನವಾಗಿ ಬಿರುಕು ಹುಡುಕಿ. ಸಿಕ್ಕರೆ ಆ ಡಿಸ್ಕು ಗುಜರಿಗೆ. ವೆಲ್ಡಿಂಗ್ ಮಾಡಿಸಿ ಓಡಿಸುವ ಯೋಚನೆಯೇ ಬೇಡ. ಡಿಸ್ಕು ಹಬ್ಬಿಗೆ ತಾಗುವ ಮುಖ, ಡಿಸ್ಕಿಗೆ ಡಿಸ್ಕು ತಾಗುವ ಮುಖ, ನಟ್ಟು ಕೂರುವ ಜಾಗ, ಸ್ಟಡ್ಡಿನ ಥ್ರೆಡ್ಡು, ಇಲ್ಲೆಲ್ಲ ಬಣ್ಣ ಬೀಳಲೇಬಾರದು. ರಟ್ಟನ್ನು ದುಂಡಗೆ ಕತ್ತರಿಸಿ ಮಾಸ್ಕಿಂಗ್ ಟೇಪಲ್ಲಿ ಅಂಟಿಸಿದರೆ ಸಾಕು. ಟೈರಿಗೆ ಬಣ್ಣ ತಾಗದಿರಲು ನಾನು ಹಳೇ ಮದುವೆ ಕಾರ್ಡುಗಳನ್ನು ಡಿಸ್ಕಿನ ಅಂಚಿಗೆ ಸುತ್ತಲೂ ಸಿಕ್ಕಿಸುತ್ತೇನೆ, ಒಳ್ಳೆ ಕೆಲಸ ಮಾಡುತ್ತವೆ. ಒಂದು ಅಡಿ ದೂರದಿಂದ ತೆಳ್ಳಗೆ ಎರಡು ಕೋಟು ಹೊಡೆಯಿರಿ. ಕೈಗೆ ಅಂಟದಿದ್ದರೆ ಒಣಗಿದೆ ಅಂತ ಅರ್ಥ ಅಲ್ಲ. ಪೂರ್ತಿ ಗಟ್ಟಿಯಾಗಲು ದಿನಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ನಾನು ಈಗ ಒಂದು ವಾರ ಬಿಡುತ್ತೇನೆ. ಅದಕ್ಕೇ ಒಟ್ಟಿಗೆ ಎಲ್ಲ ಬಿಚ್ಚುವುದಿಲ್ಲ. ಸ್ಟೆಪ್ನಿಯಿಂದ ಶುರು ಮಾಡಿ, ಒಂದೊಂದಾಗಿ ಬದಲಿಸುತ್ತಾ ಹೋಗುತ್ತೇನೆ. ಡಬ್ಬಿಗಳನ್ನು ಮಾತ್ರ ಬಿಸಿಲಲ್ಲಿ ಕ್ಯಾಬಿನ್ ಒಳಗೆ ಬಿಡಬೇಡಿ, ಸಿಡಿಯುತ್ತವೆ.

ಚಕ್ರ ಏರಿಸುವಾಗ ನಟ್ಟನ್ನು ಎದುರು ಬದುರಾಗಿ ಬಿಗಿ ಮಾಡಿ. ನಮ್ಮಂಥ ಗಾಡಿಯ ದಪ್ಪ ಸ್ಟಡ್ಡಿಗೆ ಸಾಮಾನ್ಯವಾಗಿ 50ರಿಂದ 60 ಕೆಜಿ-ಮೀಟರ್ ಬಿಗಿ ಬೇಕು. ಅಂದರೆ ಒಂದು ಮೀಟರ್ ಉದ್ದದ ಪೈಪಿನ ತುದಿಗೆ 50, 60 ಕೆಜಿ ಭಾರ ಬಿದ್ದ ಹಾಗೆ. ನಿಮ್ಮ ಗಾಡಿಯದ್ದು ಎಷ್ಟು ಅಂತ ಅದರ ಪುಸ್ತಕದಲ್ಲಿ ನೋಡಿ. ಟಾರ್ಕ್ ರೆಂಚ್ (ಬಿಗಿ ಎಷ್ಟಾಯಿತು ಅಂತ ಅಳೆಯುವ ಸ್ಪ್ಯಾನರ್) ಇರುವ ಅಂಗಡಿಯಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು. ಗಾಡಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಎಲ್ಲ ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಹಾಸನದಲ್ಲಿ ಆ ಟೀ ಕುಡಿಯುವ ಹೊತ್ತಿನಲ್ಲಿ ನಾನು ಹತ್ತು ನಿಮಿಷ ಇದಕ್ಕೆ ಕೊಟ್ಟಿದ್ದರೆ ದೋಣಿಗಲ್‌ನಲ್ಲಿ ನಿಲ್ಲುತ್ತಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಡಿಸ್ಕು ತರುವವರಿಗೂ ಒಂದು ಮಾತು. ಗುಜರಿ ಅಂಗಡಿಯಲ್ಲಿ ಹೊಸ ಸಿಲ್ವರ್ ಬಳಿದು ಸಾಲಾಗಿ ನಿಲ್ಲಿಸಿರುತ್ತಾರೆ. ಹೋಗುವಾಗ ಒಂದು ಸಣ್ಣ ಬಾಟಲಿ ಥಿನ್ನರ್, ಒಂದು ಬಟ್ಟೆ ತೆಗೆದುಕೊಂಡು ಹೋಗಿ. ಹತ್ತೂ ತೂತಿನ ಸುತ್ತ ಒರೆಸಿ ನೋಡಿ. ಒರೆಸಲು ಬಿಡದಿದ್ದರೆ ದುಡ್ಡು ಜೇಬಲ್ಲೇ ಇಟ್ಟುಕೊಂಡು ಬೇರೆ ಅಂಗಡಿಗೆ ಹೋಗಿ.