ಸ್ವಂತ ಅನುಭವದ ಪ್ರಶ್ನೆಗೆ ನಾಲ್ಕು ದಾರಿ: ಸೆಲ್‌ಪಿಪ್‌ನ ಒಂದು ನಿಮಿಷದಲ್ಲಿ ಯಾವುದು, ಐಇಎಲ್‌ಟಿಎಸ್‌ನ ಎರಡು ನಿಮಿಷದಲ್ಲಿ ಯಾವುದು

ಇಂಗ್ಲಿಷ್ ಪರೀಕ್ಷೆಯಲ್ಲಿ 'ನಿಮ್ಮ ಒಂದು ಅನುಭವ ಹೇಳಿ' ಎಂಬ ಪ್ರಶ್ನೆ ಬಂದರೆ ಹೆಚ್ಚಿನವರು ಸಮಾಧಾನದ ಉಸಿರು ಬಿಡುತ್ತಾರೆ. ವಿಷಯ ನಮ್ಮದೇ, ಓದಿಕೊಂಡು ಹೋಗುವುದೇನೂ ಇಲ್ಲ. ಆದರೆ ಅಭ್ಯಾಸದ ರೆಕಾರ್ಡಿಂಗ್‌ಗಳನ್ನು ಕೇಳಿ ನೋಡಿ, ತಡವರಿಕೆ ಹೆಚ್ಚಿರುವುದು ಬಹಳ ಸಲ ಈ ಪ್ರಶ್ನೆಯಲ್ಲೇ. ಭಾಷೆ ಸಾಲದೆ ಹೀಗಾಗುವುದು ಕಡಿಮೆ. ನೆನಪುಗಳು ಒಂದರ ಮೇಲೊಂದು ನುಗ್ಗಿ ಬರುತ್ತವೆ, ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೊಳೆಯುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಹಾಗಾಗಿ ಆಯ್ಕೆ ಮಾಡಬೇಕಾದ್ದು ಉತ್ತರವನ್ನು ಕಟ್ಟುವ ವಿಧಾನವನ್ನು. ಚಾಲ್ತಿಯಲ್ಲಿರುವ ನಾಲ್ಕು ವಿಧಾನಗಳನ್ನು ಒಂದೇ ಪ್ರಶ್ನೆಗೆ ಹಚ್ಚಿ, ಸೆಲ್‌ಪಿಪ್ (ಕೆನಡಾದ ವಲಸೆ, ಪೌರತ್ವಕ್ಕೆ ಬರೆಯುವ ಇಂಗ್ಲಿಷ್ ಪರೀಕ್ಷೆ) ಮತ್ತು ಐಇಎಲ್‌ಟಿಎಸ್ (ವಿದೇಶದ ಓದು, ಕೆಲಸ, ವಲಸೆಗೆ ಬರೆಯುವ ಇಂಗ್ಲಿಷ್ ಪರೀಕ್ಷೆ) ಎಂಬ ಎರಡು ಪರೀಕ್ಷೆಗಳ ಗಡಿಯಾರದ ಕೆಳಗೆ ನಾವು ನೋಡಿದಾಗ ಕಂಡದ್ದು ಇಲ್ಲಿದೆ.

ಮೊದಲು ಗಡಿಯಾರದ ವಿಷಯ. ಸೆಲ್‌ಪಿಪ್‌ನ ಮಾತಿನ ಭಾಗದಲ್ಲಿ 8 ಟಾಸ್ಕ್‌ಗಳು. ಅವುಗಳಲ್ಲಿ ಎರಡನೆಯದು ಅನುಭವ ಹೇಳುವುದು. ಯೋಚಿಸಲು 30 ಸೆಕೆಂಡ್, ಮಾತಿಗೆ 60 ಸೆಕೆಂಡ್. ಎದುರಿಗೆ ಯಾರೂ ಇರುವುದಿಲ್ಲ, ಪರದೆ ಮತ್ತು ಮೈಕ್ ಅಷ್ಟೇ. ಸಮಯ ಮುಗಿದರೆ ವಾಕ್ಯದ ನಡುವೆಯೇ ರೆಕಾರ್ಡಿಂಗ್ ನಿಂತುಹೋಗುತ್ತದೆ. ಐಇಎಲ್‌ಟಿಎಸ್‌ನ ಎರಡನೇ ಭಾಗದಲ್ಲಿ ಪರೀಕ್ಷಕರು ವಿಷಯವೂ ಉಪಪ್ರಶ್ನೆಗಳೂ ಇರುವ ಕಾರ್ಡ್ ಕೊಡುತ್ತಾರೆ, 1 ನಿಮಿಷ ತಯಾರಿ, ಆಮೇಲೆ 1ರಿಂದ 2 ನಿಮಿಷ ಮಾತು. ಎರಡು ನಿಮಿಷಕ್ಕೆ ಅವರೇ ತಡೆಯುತ್ತಾರೆ. ಹಾಗೆ ತಡೆದದ್ದಕ್ಕೆ ಅಂಕ ಕಡಿಮೆಯಾಗುವುದಿಲ್ಲ.

ಅಂಕ ಕೊಡುವ ರೀತಿಯಲ್ಲಿ ಇನ್ನೂ ದೊಡ್ಡ ವ್ಯತ್ಯಾಸವಿದೆ, ಮತ್ತು ಹಲವರು ಇದನ್ನು ಗಮನಿಸದೆ ಒಂದೇ ತಯಾರಿಯಲ್ಲಿ ಎರಡೂ ಪರೀಕ್ಷೆಗೆ ಹೋಗುತ್ತಾರೆ. ಐಇಎಲ್‌ಟಿಎಸ್ ನೋಡುವುದು ನಿರರ್ಗಳತೆ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ, ನಾಲ್ಕಕ್ಕೂ ಸಮಪಾಲು. ಕೇಳಿದ್ದೆಲ್ಲವನ್ನೂ ಪೂರೈಸಿದಿರಾ ಎಂಬುದಕ್ಕೆ ಅಲ್ಲಿ ಬೇರೆ ಅಂಕವಿಲ್ಲ. ಸೆಲ್‌ಪಿಪ್‌ನಲ್ಲಿ ಅದು ಇದೆ: ವಿಷಯ ಮತ್ತು ಜೋಡಣೆ, ಪದಸಂಪತ್ತು, ಕೇಳಲು ಎಷ್ಟು ಸುಲಭ ಎಂಬುದು, ಇವುಗಳ ಜೊತೆಗೆ 'ಟಾಸ್ಕ್ ಫುಲ್‌ಫಿಲ್‌ಮೆಂಟ್' ಎಂಬ ನಾಲ್ಕನೇ ಅಳತೆಗೋಲು. ಪ್ರಶ್ನೆಗೆ ಸಂಬಂಧಪಟ್ಟದ್ದನ್ನೇ ಹೇಳಿದಿರಾ, ಪೂರ್ತಿ ಹೇಳಿದಿರಾ, ಧಾಟಿ ಸರಿಯಿತ್ತೇ, ಉದ್ದ ಸಾಕೇ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಹೀಗಾಗಿ ಐಇಎಲ್‌ಟಿಎಸ್‌ನಲ್ಲಿ ಸಣ್ಣಪುಟ್ಟ ಅಡ್ಡದಾರಿ ನಡೆಯುತ್ತದೆ, ಸೆಲ್‌ಪಿಪ್‌ನಲ್ಲಿ ನಷ್ಟ ತರುತ್ತದೆ.

ಹೋಲಿಕೆಗೆ ಇಟ್ಟುಕೊಂಡ ಪ್ರಶ್ನೆ: ಕಷ್ಟಪಟ್ಟು ಏನನ್ನಾದರೂ ಕಲಿತ ಒಂದು ಸಂದರ್ಭ ಹೇಳಿ, ಏನಾಯಿತು, ಅದು ಯಾಕೆ ನೆನಪಿನಲ್ಲಿ ಉಳಿದಿದೆ. ಅನುಭವ: ದೊಡ್ಡವರಾದ ಮೇಲೆ ಈಜು ಕಲಿತದ್ದು.

ಮೊದಲನೆಯದು ಬಾಯಿಪಾಠ. ಪೂರ್ತಿ ಉತ್ತರ ಬರೆದು, ತಿದ್ದಿಸಿಕೊಂಡು, ಉರುಹೊಡೆಯುವುದು. ಇದರ ಆಕರ್ಷಣೆ ಸುಲಭವಾಗಿ ಅರ್ಥವಾಗುತ್ತದೆ, ವಾಕ್ಯಗಳು ತಪ್ಪಿಲ್ಲದೆ ಇರುತ್ತವೆ. ಆದರೆ ಮೂರು ಕಡೆ ಪೆಟ್ಟು ಬೀಳುತ್ತದೆ. ಒಂದು, ಧ್ವನಿ ಚಪ್ಪಟೆಯಾಗುತ್ತದೆ: ಉರುಹೊಡೆದ ಮಾತಿನಲ್ಲಿ ಮುಖ್ಯ ಪದಕ್ಕೂ ಮುಖ್ಯವಲ್ಲದ ಪದಕ್ಕೂ ಒಂದೇ ಒತ್ತು ಬೀಳುತ್ತದೆ, ಉಸಿರು ತೆಗೆದುಕೊಳ್ಳುವ ಜಾಗ ತಪ್ಪುತ್ತದೆ, ವೇಗ ತಾನಾಗಿ ಏರುತ್ತದೆ. ಎರಡು, ಒಂದು ಪದ ಮರೆತರೆ ಮುಂದಿನ ಮೂರು ವಾಕ್ಯ ಕೈಗೆ ಸಿಗುವುದಿಲ್ಲ, ಏಕೆಂದರೆ ನೆನಪಿಟ್ಟದ್ದು ಘಟನೆಯನ್ನಲ್ಲ, ಪದಗಳ ಸಾಲನ್ನು. ಮೂರು, ಪ್ರಶ್ನೆ ಸ್ವಲ್ಪ ಹೊರಳಿದರೂ ಉತ್ತರ ಹೊಂದುವುದಿಲ್ಲ. ಈಜು ಕಲಿತ ಬಗ್ಗೆ ಬರೆದಿಟ್ಟ ಉತ್ತರವನ್ನು 'ನಿಮಗೆ ಯಾರಾದರೂ ತಾಳ್ಮೆಯಿಂದ ಸಹಾಯ ಮಾಡಿದ್ದು' ಎಂಬ ಪ್ರಶ್ನೆಗೆ ಹಾಗೇ ಒಪ್ಪಿಸಿದರೆ ಕಲಿಸಿದವರ ಬಗ್ಗೆ ಎರಡೇ ವಾಕ್ಯ ಸಿಗುತ್ತದೆ. ಐಇಎಲ್‌ಟಿಎಸ್‌ನಲ್ಲಿ ಇನ್ನೊಂದು ತೊಡಕಿದೆ. ಅದೇ ವಿಷಯದ ಸುತ್ತ ಮೂರನೇ ಭಾಗದಲ್ಲಿ 4–5 ನಿಮಿಷ ಚರ್ಚೆ ನಡೆಯುತ್ತದೆ. ಆಗಿನ ಸಹಜ ಮಾತಿಗೂ ಉರುಹೊಡೆದ ಮಾತಿಗೂ ಇರುವ ಅಂತರವನ್ನು ಪರೀಕ್ಷಕರು ಅಲ್ಲೇ ಕೇಳಿಸಿಕೊಳ್ಳುತ್ತಾರೆ.

ಎರಡನೆಯದು ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂಬ ಪ್ರಶ್ನೆಗಳಿಗೆ ಸಾಲಾಗಿ ಉತ್ತರಿಸುತ್ತ ಹೋಗುವುದು. ಬೇಗ ಕೈಗೆ ಹತ್ತುತ್ತದೆ, ಏನೂ ಬಿಟ್ಟುಹೋಗುವುದಿಲ್ಲ. ಈಗಷ್ಟೇ ತಯಾರಿ ಶುರು ಮಾಡಿದವರಿಗೆ ಬಿದ್ದುಹೋಗದಂತೆ ಹಿಡಿಯುವ ಆಧಾರ ಇದು. ಆದರೆ 30–35 ಸೆಕೆಂಡಿಗೆ ಸರಕು ಖಾಲಿ. ಆಮೇಲೆ 'ಇಟ್ ವಾಸ್ ಎ ವೆರಿ ಗುಡ್ ಎಕ್ಸ್‌ಪೀರಿಯೆನ್ಸ್' ಎಂಬ ವಾಕ್ಯ ಬೇರೆ ಬೇರೆ ವೇಷದಲ್ಲಿ ಮೂರು ಸಲ ಬರುತ್ತದೆ. ಅರ್ಜಿ ಫಾರಂ ಓದಿದ ಹಾಗೆ ಕೇಳಿಸುತ್ತದೆ.

ಮೂರನೆಯದು ಹಿಂದೆ, ಇಂದು, ಮುಂದೆ. ಮೊದಲು ನೀರೆಂದರೆ ಭಯವಿತ್ತು, ಈಗ ವಾರಕ್ಕೆರಡು ಸಲ ಈಜುತ್ತೇನೆ, ಮುಂದೆ ಇನ್ನೂ ದೂರ ಈಜುವ ಆಸೆ. ಐಇಎಲ್‌ಟಿಎಸ್ ತಯಾರಿಯಲ್ಲಿ ಇದು ಜನಪ್ರಿಯ, ಮತ್ತು ಕಾರಣವೂ ಗಟ್ಟಿಯಾಗಿದೆ: 'ಯೂಸ್ಡ್ ಟು', 'ಹ್ಯಾವ್ ಬೀನ್', 'ಇಫ್ ಐ ಗೆಟ್ ದ ಚಾನ್ಸ್' ಎಲ್ಲವೂ ಬಲವಂತವಿಲ್ಲದೆ ಬಂದು ವ್ಯಾಕರಣದ ವೈವಿಧ್ಯ ಕಾಣಿಸುತ್ತದೆ, ಎರಡು ನಿಮಿಷ ತುಂಬುವುದೂ ಸುಲಭ. ಕೊರತೆ ಏನೆಂದರೆ, ಅನುಭವ ನಡೆದ ಆ ಹೊತ್ತು ಮಾತಿನಲ್ಲಿ ಕಾಣೆಯಾಗುತ್ತದೆ. ಸೆಲ್‌ಪಿಪ್‌ನ 60 ಸೆಕೆಂಡನ್ನು ಮೂರು ಪಾಲು ಮಾಡಿದರೆ ಒಂದೊಂದಕ್ಕೆ 20 ಸೆಕೆಂಡ್. ಅಷ್ಟರಲ್ಲಿ 'ಏನಾಯಿತು' ಎಂಬುದಕ್ಕೆ ಜಾಗವೇ ಇಲ್ಲ, ಕೇಳಿದ್ದು ಅದೇ. ಒಂದೇ ಸಲ ನಡೆದ ಘಟನೆಗಂತೂ ಈ ವಿಧಾನ ಹೊಂದುವುದಿಲ್ಲ. ಚೀಲ ಕಳೆದು ಮರಳಿ ಸಿಕ್ಕಿದ್ದಕ್ಕೆ 'ಮುಂದೆ' ಏನೆಂದು ಹುಡುಕುವುದು?

ನಾಲ್ಕನೆಯದನ್ನು ತಿರುವಿನ ವಿಧಾನ ಎನ್ನೋಣ. ಅನುಭವದಲ್ಲಿ ಪರಿಸ್ಥಿತಿ ಬದಲಾದ ಒಂದು ಕ್ಷಣ ಯಾವುದು ಎಂದು ಮೊದಲು ಹುಡುಕುವುದು, ಅದಕ್ಕೇ ಹೆಚ್ಚು ಸಮಯ ಕೊಡುವುದು. ಈಜಿನ ಅನುಭವದಲ್ಲಿ ಆ ಕ್ಷಣ ಗೋಡೆಯ ಅಂಚಿನಿಂದ ಕೈ ಬಿಟ್ಟದ್ದು. 60 ಸೆಕೆಂಡಿಗೆ ಹಂಚಿಕೆ ಹೀಗೆ: 8–10 ಸೆಕೆಂಡ್ ಎಲ್ಲಿ, ಯಾವಾಗ, ಯಾರು, 15 ಸೆಕೆಂಡ್ ಏನು ಕಷ್ಟವಿತ್ತು, 20 ಸೆಕೆಂಡ್ ತಿರುವು, ಉಳಿದ 15ರಲ್ಲಿ ಆಮೇಲೇನಾಯಿತು, ಯಾಕೆ ನೆನಪಿದೆ. ಸಹಜ ವೇಗದಲ್ಲಿ ನಿಮಿಷಕ್ಕೆ 120ರಿಂದ 150 ಇಂಗ್ಲಿಷ್ ಪದ ಹಿಡಿಯುತ್ತದೆ. ಅಂದರೆ ಇಡೀ ಉತ್ತರ ಸುಮಾರು ಹತ್ತು ವಾಕ್ಯ. ತಿರುವಿಗೆ ಮೂರೋ ನಾಲ್ಕೋ.

ಆ ಮೂರು ನಾಲ್ಕು ವಾಕ್ಯಗಳಲ್ಲೇ ಇಡೀ ಉತ್ತರದ ಬೆಲೆ ಇದೆ. 'ಐ ವಾಸ್ ವೆರಿ ಸ್ಕೇರ್ಡ್' ಎಂದು ಭಾವನೆಗೆ ಹೆಸರಿಟ್ಟು ಮುಂದೆ ಹೋದರೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಕೇಳುವವರಿಗೆ ಏನೂ ಕಾಣುವುದಿಲ್ಲ. 'ಮೈ ಫಿಂಗರ್ಸ್ ವರ್ ಲಾಕ್ಡ್ ಆನ್ ದ ಎಡ್ಜ್, ಆ್ಯಂಡ್ ಶೀ ಜಸ್ಟ್ ಸ್ಟುಡ್ ದೇರ್ ಆ್ಯಂಡ್ ವೇಟೆಡ್' ಎಂದರೆ ಭಯವೂ ಕಾಣುತ್ತದೆ, ಕಲಿಸುವವರ ತಾಳ್ಮೆಯೂ ಕಾಣುತ್ತದೆ. ಪದಸಂಪತ್ತಿನ ಅಂಕಕ್ಕೂ ಇದೇ ದಾರಿ. ನಿಘಂಟಿನಿಂದ ಹೆಕ್ಕಿದ ಭಾರದ ವಿಶೇಷಣ ಬೇಕಾಗಿಲ್ಲ, ನಿಖರವಾದ ಕ್ರಿಯಾಪದ ಸಾಕು: 'ವೆಂಟ್' ಬದಲು 'ರಷ್ಡ್', 'ಟುಕ್' ಬದಲು 'ಗ್ರ್ಯಾಬ್ಡ್', 'ಸೆಡ್' ಬದಲು 'ವಿಸ್ಪರ್ಡ್'. ಇದು ನಿಧಾನವಾಗಿ ಬರುವ ಕೌಶಲ, ಆದರೆ ಬಂದ ಮೇಲೆ ಯಾವ ಪ್ರಶ್ನೆಗೂ ಹೊಂದುತ್ತದೆ.

ಸೆಲ್‌ಪಿಪ್‌ಗೆ ನಮ್ಮ ಆಯ್ಕೆ ತಿರುವಿನ ವಿಧಾನವೇ, ಅನುಮಾನವಿಲ್ಲ. ಐಇಎಲ್‌ಟಿಎಸ್‌ಗೆ ಅದರ ಬಾಲಕ್ಕೆ ಮೂರನೆಯದನ್ನು ಕಟ್ಟಿಕೊಳ್ಳಿ: ಮೊದಲ 80–90 ಸೆಕೆಂಡ್ ತಿರುವಿನ ಕಥೆ, ಉಳಿದದ್ದರಲ್ಲಿ ಇಂದು ಮತ್ತು ಮುಂದೆ. ಘಟನೆಯೂ ಉಳಿಯುತ್ತದೆ, ಕಾಲರೂಪಗಳ ವೈವಿಧ್ಯವೂ ಸಿಗುತ್ತದೆ. ಕಾರ್ಡಿನಲ್ಲಿರುವ ಉಪಪ್ರಶ್ನೆಗಳು ಕಥೆಯ ದಾರಿಯಲ್ಲೇ ಮುಗಿದುಹೋಗುತ್ತವೆ, ಸಾಲಾಗಿ ಉತ್ತರಿಸಬೇಕಾಗಿಲ್ಲ.

ಯಾವ ಅನುಭವ ಆರಿಸಬೇಕು ಎಂಬಲ್ಲೂ ಎರಡು ಪಂಥಗಳಿವೆ. ದೊಡ್ಡ ಘಟನೆ ಆರಿಸಿದರೆ (ಪದವಿ, ಮದುವೆ, ಮೊದಲ ವಿದೇಶ ಪ್ರಯಾಣ) ಹೇಳಲು ಬೇಕಾದಷ್ಟಿದೆ ಎಂಬ ಧೈರ್ಯ ಬರುತ್ತದೆ, ಆದರೆ ಹಿನ್ನೆಲೆ ವಿವರಿಸುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ಸಣ್ಣ ಘಟನೆ ಗೆಲ್ಲುತ್ತದೆ: ಒಂದು ಗಂಟೆಯೊಳಗೆ ನಡೆದದ್ದು, ಇಬ್ಬರು ಅಥವಾ ಮೂವರು ಜನ, ಒಂದೇ ತೊಂದರೆ. ಇಂಥ ಆರೆಂಟು ಘಟನೆಗಳನ್ನು ಮೊದಲೇ ಕೂಡಿಟ್ಟುಕೊಂಡರೆ ಬಹುತೇಕ ಪ್ರಶ್ನೆಗಳನ್ನು ಎದುರಿಸಬಹುದು. ಈಜಿನ ಘಟನೆಯೊಂದೇ ಹೊಸ ಕೌಶಲ, ಮೀರಿದ ಭಯ, ಸಹಾಯ ಮಾಡಿದ ವ್ಯಕ್ತಿ, ನಿಮ್ಮ ಬಗ್ಗೆ ನಿಮಗೇ ಹೆಮ್ಮೆ ಅನ್ನಿಸಿದ ದಿನ, ಹೀಗೆ ನಾಲ್ಕಕ್ಕೂ ಆದೀತು. ಬದಲಾಗುವುದು ತಿರುವಿನಲ್ಲಿ ಯಾರ ಮೇಲೆ ಬೆಳಕು ಬೀಳುತ್ತದೆ ಎಂಬುದಷ್ಟೇ. ಇನ್ನೂ ಹಸಿಯಾಗಿರುವ ದುಃಖದ ಘಟನೆ ಬೇಡ. ಗಂಟಲು ಕಟ್ಟಿದರೆ ಮಾತು ನಿಲ್ಲುತ್ತದೆ, ಪರೀಕ್ಷೆಗಾಗಿ ಅದನ್ನು ಕೆದಕುವ ಅಗತ್ಯವೂ ಇಲ್ಲ.

ನಿಜವೇ ಹೇಳಬೇಕೇ, ಕಟ್ಟಿ ಹೇಳಬಹುದೇ? ಪರೀಕ್ಷೆ ನಿಜಾಂಶವನ್ನು ಅಳೆಯುವುದಿಲ್ಲ. ಆದರೆ ಕಟ್ಟುಕಥೆಗೆ ವಿವರ ಹುಟ್ಟಿಸುವ ಕೆಲಸವೂ ಇಂಗ್ಲಿಷ್ ವಾಕ್ಯ ಜೋಡಿಸುವ ಕೆಲಸವೂ ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ, ತಡವರಿಕೆ ಅಲ್ಲಿಂದಲೇ ಶುರು. ದಿನ, ಜಾಗ, ವ್ಯಕ್ತಿ ಬದಲಿಸಿಕೊಳ್ಳಿ, ಘಟನೆ ನಿಜವಾಗಿರಲಿ.

ಟಿಪ್ಪಣಿ ಬರೆಯುವುದರಲ್ಲೂ ಹೋಲಿಕೆ ಮಾಡಬೇಕಾದ್ದಿದೆ. 30 ಸೆಕೆಂಡಿನಲ್ಲಿ ವಾಕ್ಯ ಬರೆಯಲು ಹೋದವರು ಎರಡನೇ ವಾಕ್ಯದ ಮಧ್ಯದಲ್ಲೇ ಸಿಕ್ಕಿಬೀಳುತ್ತಾರೆ. 'ಪೂಲ್, ಟೀಚರ್, ಫಿಯರ್' ಎಂಬಂತೆ ನಾಮಪದ ಬರೆದುಕೊಂಡರೆ ವಿಷಯ ನೆನಪಾಗುತ್ತದೆ, ಕ್ರಮ ನೆನಪಾಗುವುದಿಲ್ಲ. ಭೂತಕಾಲದ ಕ್ರಿಯಾಪದಗಳನ್ನು ಮಾತ್ರ ಮೇಲಿಂದ ಕೆಳಕ್ಕೆ ಬರೆಯುವುದು ಎಲ್ಲಕ್ಕಿಂತ ಒಳ್ಳೆಯದು: 'ಜಾಯಿನ್ಡ್, ಪ್ಯಾನಿಕ್ಡ್, ಕ್ಲಂಗ್, ಲೆಟ್ ಗೋ, ಫ್ಲೋಟೆಡ್'. ಐದು ಪದಗಳಲ್ಲಿ ಕಥೆಯ ಕ್ರಮವೂ ಬಂತು, ಕಾಲವೂ ಸರಿಯಾಗಿ ಬಂತು. ಆಯ್ಕೆಗೆ 5 ಸೆಕೆಂಡ್, ಬರವಣಿಗೆಗೆ 15, ಉಳಿದ 10ರಲ್ಲಿ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಹೇಳಿಕೊಳ್ಳಿ. ಮೊದಲ ವಾಕ್ಯ ತೊದಲದೆ ಬಂದರೆ ಉಸಿರು ಹಿಡಿತಕ್ಕೆ ಸಿಗುತ್ತದೆ.

ಕಾಲದ ವಿಷಯದಲ್ಲಿ ಕನ್ನಡಿಗರು ಎರಡು ಕಡೆ ಜಾರುತ್ತಾರೆ. 'ಹೋಗಿದ್ದೆ', 'ಮಾಡಿದ್ದೆ' ಎಂದು ಕಥೆ ಹೇಳುವ ರೂಢಿಯಿಂದ ಇಂಗ್ಲಿಷಿನಲ್ಲೂ ಪ್ರತಿ ವಾಕ್ಯಕ್ಕೆ 'ಐ ಹ್ಯಾಡ್ ಗಾನ್', 'ಐ ಹ್ಯಾಡ್ ಡನ್' ಎಂದು ಬರುತ್ತದೆ. ಅಲ್ಲಿ ಬೇಕಾದ್ದು ಸರಳ 'ಐ ವೆಂಟ್'. 'ಹ್ಯಾಡ್' ಇರುವ ರೂಪ ಕಥೆಯ ಇನ್ನೊಂದು ಘಟನೆಗಿಂತಲೂ ಮುಂಚೆ ನಡೆದದ್ದಕ್ಕೆ ಮೀಸಲು. ಇನ್ನೊಂದು, ಕಥೆ ಬಿಸಿಯೇರಿದಂತೆ ವರ್ತಮಾನಕ್ಕೆ ಜಾರುವುದು: 'ಶೀ ಕೇಮ್ ಆ್ಯಂಡ್ ಶೀ ಈಸ್ ಟೆಲ್ಲಿಂಗ್ ಮಿ'. ಇದು ತಿರುವಿನ ಜಾಗದಲ್ಲೇ ಹೆಚ್ಚು ಆಗುತ್ತದೆ, ಗಮನವೆಲ್ಲ ಘಟನೆಯ ಮೇಲಿರುವುದರಿಂದ. ಉಚ್ಚಾರಣೆಯಲ್ಲಿ ಭೂತಕಾಲದ ಕೊನೆಯ ಧ್ವನಿ ನೋಡಿಕೊಳ್ಳಿ: 'ವಾಕ್ಡ್' ಎಂಬುದರ ಕೊನೆ 'ಟ್' ಎಂದು ಕೇಳಬೇಕು, 'ವೇಟೆಡ್'ನಂಥ ಪದಗಳಲ್ಲಿ ಮಾತ್ರ ಇನ್ನೊಂದು ಉಚ್ಚಾರಾಂಶ ಸೇರುತ್ತದೆ. ನುಂಗಿಬಿಟ್ಟರೆ ಕೇಳುವವರಿಗೆ ವರ್ತಮಾನಕಾಲ ಹೇಳಿದಂತೆಯೇ.

ಅಭ್ಯಾಸಕ್ಕೆ ಕನ್ನಡಿಯ ಮುಂದೆ ನಿಲ್ಲುವುದರಿಂದ ಹೆಚ್ಚೇನೂ ಸಿಗದು. ಜೊತೆಗಾರರೊಬ್ಬರು ಕೇಳಿಸಿಕೊಂಡರೆ ಐಇಎಲ್‌ಟಿಎಸ್‌ಗೆ ಉಪಯೋಗ, ಅಲ್ಲಿ ಎದುರಿಗೆ ಮುಖವಿದೆ. ಸೆಲ್‌ಪಿಪ್‌ಗೆ ಫೋನಿನ ರೆಕಾರ್ಡರ್ ಒಳ್ಳೆಯದು, ಹಿನ್ನೆಲೆಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಇನ್ನೂ ಒಳ್ಳೆಯದು. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವರೂ ತಮ್ಮ ಮೈಕಿಗೆ ಮಾತಾಡುತ್ತಿರುತ್ತಾರೆ. ಒಂದೇ ರೆಕಾರ್ಡಿಂಗನ್ನು ಮೂರು ಸಲ ಕೇಳಿ: ಒಮ್ಮೆ ಕ್ರಿಯಾಪದಗಳ ಕಾಲಕ್ಕಾಗಿ, ಒಮ್ಮೆ ಎರಡು ಸೆಕೆಂಡಿಗಿಂತ ಉದ್ದದ ಮೌನ ಎಲ್ಲಿ ಬಿತ್ತೆಂದು, ಒಮ್ಮೆ ಕೊನೆಯ ವಾಕ್ಯ ಪೂರ್ತಿಯಾಯಿತೇ ಎಂದು.

ಆ ಕೊನೆಯ ವಾಕ್ಯ ಎರಡು ಪರೀಕ್ಷೆಗಳಲ್ಲಿ ಬೇರೆ ಬೇರೆ. ಸೆಲ್‌ಪಿಪ್‌ನಲ್ಲಿ ಪರದೆಯ ಮೇಲೆ 10 ಸೆಕೆಂಡ್ ಉಳಿದದ್ದು ಕಂಡ ಕೂಡಲೇ ಕಥೆ ಎಲ್ಲಿದ್ದರೂ ಬಿಟ್ಟು, 'ದಟ್ಸ್ ವೈ ಐ ಸ್ಟಿಲ್ ರಿಮೆಂಬರ್ ಇಟ್' ಎಂಬ ಕಡೆಗೆ ಹೊರಳಿ. 'ಯಾಕೆ' ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ರೆಕಾರ್ಡಿಂಗ್ ನಿಲ್ಲಬಾರದು. ಐಇಎಲ್‌ಟಿಎಸ್‌ನಲ್ಲಿ ಮುಗಿಸುವ ಅವಸರ ಬೇಡ, ಪರೀಕ್ಷಕರು ತಡೆಯುವವರೆಗೆ ಮಾತಾಡುತ್ತಿರಿ. ಇನ್ನು ಸೆಲ್‌ಪಿಪ್‌ನಲ್ಲಿ 40ನೇ ಸೆಕೆಂಡಿಗೇ ಸರಕು ಮುಗಿದರೆ ಹೇಳಿದ್ದನ್ನೇ ಹೇಳಬೇಡಿ, ಹೊಸ ಘಟನೆಯನ್ನೂ ಶುರು ಮಾಡಬೇಡಿ. 'ವಾಟ್ ಐ ರಿಮೆಂಬರ್ ಮೋಸ್ಟ್ ಈಸ್' ಎಂದು ತಿರುವಿನ ಕ್ಷಣಕ್ಕೇ ಮರಳಿ, ಇನ್ನೂ ಹೇಳದ ಒಂದು ಸದ್ದನ್ನೋ ಯಾರೋ ಆಡಿದ ಮಾತನ್ನೋ ಸೇರಿಸಿ. ಅಷ್ಟಕ್ಕೆ 15 ಸೆಕೆಂಡ್ ಸಾಕಾಗುತ್ತದೆ.