ಎಲ್ಲ ಕುದುರೆಗೂ ಕೂಡುತ್ತೆ ಅಂದ ಟ್ರೀಲೆಸ್ ಜೀನು: ನಾನು ಮೋಸ ಹೋದೆ, ನೀವು ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಅಜ್ಜನ ಕಾಲದಿಂದ ಮನೆ ಮುಂದೆ ಕುದುರೆ ಕಟ್ಟಿದವರು ನಾವು. ಜೀನು ಯಾವುದು, ಗೋಣಿಚೀಲ ಯಾವುದು ಅಂತ ನನಗೆ ಗೊತ್ತಿರಬೇಕಿತ್ತು. ಗೊತ್ತಾಗಲಿಲ್ಲ. 26,000 ರೂಪಾಯಿ ಹೋಯಿತು. ದುಡ್ಡು ಹಾಳಾಗಿ ಹೋಗಲಿ, ಮಲ್ಲಿಯ ಬೆನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಗುವವರು ನಗಲಿ.

ಮಲ್ಲಿ ನಮ್ಮ ಮಾರ್ವಾಡಿ ತಳಿಯ ಹೆಣ್ಣು ಕುದುರೆ. ಕೆಂಪು ಬಣ್ಣ, ಏಳು ವರ್ಷ, ಮಹಾರಾಷ್ಟ್ರದ ಅಕಲೂಜ ಕುದುರೆ ಬಾಜಾರಿನಿಂದ ತಂದದ್ದು. ದಿನಾ ಬೆಳಿಗ್ಗೆ ವಿಜಯಪುರದಿಂದ ತೊರವಿ ಕಡೆಗೆ ಒಂದು ಸುತ್ತು ಹೋಗಿ ಬರುತ್ತೇವೆ. ಅವಳಿಗೆ ಇದ್ದದ್ದು ಅಪ್ಪನ ಕಾಲದ ಮಿಲಿಟರಿ ಮಾದರಿಯ ಜೀನು. ಕಟ್ಟಿಗೆ, ಕಬ್ಬಿಣ, ಎತ್ತಿ ಹಾಕುವಷ್ಟರಲ್ಲಿ ಸೊಂಟ ಹಿಡಿಯಬೇಕು. ಇನ್ನೊಂದು ತಾಪತ್ರಯ ಅಂದರೆ, ಬೇಸಿಗೆಯಲ್ಲಿ ಬರೀ ಕಣಿಕೆ ತಿಂದು ಮಲ್ಲಿ ಸೊರಗುತ್ತಾಳೆ, ಆಗ ಜೀನು ಸಡಿಲ. ಮಳೆ ಬಿದ್ದು ಹಸಿ ಹುಲ್ಲು ಸಿಕ್ಕ ಮೇಲೆ ದುಂಡಗಾಗುತ್ತಾಳೆ, ಆಗ ಅದೇ ಜೀನು ಹೆಗಲಿಗೆ ಒತ್ತುತ್ತದೆ. ಕುದುರೆಯ ಬೆನ್ನು ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಜೀನಿನ ಒಳಗಿನ ಚೌಕಟ್ಟು ಬದಲಾಗುವುದಿಲ್ಲ. ಅಳತೆ ತೆಗೆದು ಜೀನು ಕೂಡಿಸಿ ಕೊಡುವವರು ನಮ್ಮ ಕಡೆ ಯಾರಿದ್ದಾರೆ?

ಹಾಗಾಗಿ ಟ್ರೀಲೆಸ್ ಕಡೆ ಮನಸ್ಸು ಹೋಯಿತು. ಗೊತ್ತಿಲ್ಲದವರಿಗೆ ಎರಡು ಮಾತು. ಮಾಮೂಲಿ ಜೀನಿನ ಒಳಗೆ ಕಟ್ಟಿಗೆಯದ್ದೋ ಫೈಬರಿನದ್ದೋ ಒಂದು ಗಟ್ಟಿ ಚೌಕಟ್ಟು ಇರುತ್ತದೆ, ಅದಕ್ಕೆ ಟ್ರೀ ಅಂತಾರೆ. ಅದು ಇಲ್ಲದ್ದು ಟ್ರೀಲೆಸ್. ಗಿಡ ಇಲ್ಲದ ಜೀನಂತ, ಅಂತ ನಮ್ಮ ಮಾವ ನಕ್ಕಿದ್ದರು. ಆಗ ನನಗೆ ಸಿಟ್ಟು ಬಂದಿತ್ತು. ಹೊರದೇಶದಲ್ಲಿ ಎಷ್ಟೋ ಜನ ಇದಕ್ಕೆ ಬದಲಾಗಿದ್ದಾರೆ, ಸುಮ್ನೆ ಅಲ್ಲ. ಹಗುರ. ಕುದುರೆಯ ಭುಜ ಆಡುವುದಕ್ಕೆ ಅಡ್ಡ ಬರುವ ಗಟ್ಟಿ ಮೂಲೆ ಇಲ್ಲ. ಬೆನ್ನಿನ ಆಕಾರ ಬದಲಾದರೂ ಸ್ವಲ್ಪ ಹೊಂದಿಕೊಳ್ಳುತ್ತದೆ. ಅಗಲ ಬೆನ್ನಿನ, ಹೆಗಲ ದಿಬ್ಬ (ಕತ್ತು ಬೆನ್ನು ಸೇರುವ ಕಡೆಯ ಉಬ್ಬು) ಕಡಿಮೆ ಇರುವ ಕುದುರೆಗೆ ಮಾಮೂಲಿ ಜೀನು ಸಿಗುವುದೇ ಕಷ್ಟ, ಅಂಥವರಿಗೆ ಇದು ವರ ಇದ್ದ ಹಾಗೆ. ಇದೆಲ್ಲ ನಿಜ, ಈಗಲೂ ನಿಜ ಅಂತಲೇ ಹೇಳುತ್ತೇನೆ. ಆದರೆ ಮಲ್ಲಿಯ ಹೆಗಲ ದಿಬ್ಬ ಎದ್ದು ಕಾಣುವಂಥದ್ದು, ಬೆನ್ನು ತೆಳು. ಮಾರ್ವಾಡಿ ಕುದುರೆಗಳು ಬಹಳಷ್ಟು ಹಾಗೇ ಅಲ್ವಾ? ಅಂಥ ಬೆನ್ನಿಗೆ ಟ್ರೀಲೆಸ್ ಹಾಕುವ ಮುಂಚೆ ಹತ್ತು ಸಲ ಯೋಚಿಸಬೇಕು. ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾದವನು ಬೇರೆ ಏನೋ ಹೇಳಿದ.

ಆ ಮಾರಾಟಗಾರನನ್ನು ನೋಡಿದ್ದು ಫೋನಿನ ವಿಡಿಯೋದಲ್ಲಿ. ಬಿಸಿ ರೊಟ್ಟಿ ಮಡಚಿದ ಹಾಗೆ ಜೀನನ್ನು ಮಡಚಿ ತೋರಿಸುತ್ತಾನೆ, ಆಮೇಲೆ ಒಂದು ಬಿಳಿ ಕುದುರೆ ಮೇಲೆ ಹಾಕಿ ದೌಡಾಯಿಸುತ್ತಾನೆ. ಹೆಸರು ಹೇಳುವುದಿಲ್ಲ, ಅವನ ಹಿಂದೆ ಅಲೆಯುವ ಶಕ್ತಿ ನನಗಿಲ್ಲ. ಕಾನ್ಪುರದ ಎಕ್ಸ್‌ಪೋರ್ಟ್ ಪೀಸ್, ಎಮ್ಮೆ ಚರ್ಮ ಅಂದ. ಕಾನ್ಪುರದ ಜೀನಿಗೆ ಜಿಐ ಟ್ಯಾಗ್, ಅಂದರೆ ಆ ಊರಿನ ಮಾಲು ಅನ್ನುವ ಸರ್ಕಾರಿ ಗುರುತು, ಇದೆ, ಆ ಹೆಸರು ಕೇಳಿದರೆ ಯಾರಾದರೂ ನಂಬುತ್ತಾರೆ. ನಮ್ಮ ಅಥಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿಗೂ ಜಿಐ ಇದೆ. ಹಾಗಂತ ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡೆ ಹಾಕಿ ಮಾರುವುದೆಲ್ಲ ಅಥಣಿಯದಾಗುತ್ತದಾ? ಈ ಬುದ್ಧಿ ಆವತ್ತು ಎಲ್ಲಿ ಹೋಗಿತ್ತೋ.

ನಾನು ಕೇಳದೆ ತೆಗೆದುಕೊಂಡವನಲ್ಲ. ಮೂರು ಪ್ರಶ್ನೆ ಕೇಳಿದೆ. ಅವನ ಉತ್ತರ ಹಿಂದಿಯಲ್ಲಿತ್ತು, ಕನ್ನಡದಲ್ಲಿ ಬರೆಯುತ್ತೇನೆ. ನನ್ನ ತೂಕ 78 ಕೆಜಿ, ನಡೆಯುತ್ತದಾ ಅಂದೆ. 'ಟೆನ್ಷನ್ ಇಲ್ಲ ಸರ್, 110ರವರೂ ಹತ್ತುತ್ತಾರೆ.' ಕುದುರೆಗೆ ಹೆಗಲ ದಿಬ್ಬ ಎತ್ತರ ಇದೆ ಅಂತ ಫೋಟೋ ಕಳಿಸಿದೆ. 'ಯೂನಿವರ್ಸಲ್ ಸೈಜ್ ಸರ್, ಎಲ್ಲ ಕುದುರೆಗೂ ಕೂಡುತ್ತೆ.' ಕೆಳಗೆ ಬೇರೆ ಪ್ಯಾಡ್ ಬೇಕಾ ಅಂದೆ. 'ಪ್ಯಾಡ್ ಒಳಗೇ ಇದೆ, ಸುಮ್ಮನೆ ಯಾಕೆ ಖರ್ಚು?' ನನ್ನ ದುಡ್ಡು ಉಳಿಸುವ ಕಾಳಜಿ ನೋಡಿ! ಆ ಮಾತಿಗೇ ಬಿದ್ದೆ ನಾನು. ಅರ್ಧ ದುಡ್ಡು ಮೊದಲು, ಇನ್ನರ್ಧ ಪಾರ್ಸಲ್ ಕಳಿಸುವ ಮುಂಚೆ. ಮಾಲು ನೋಡಿ ಕೊಡುವುದು ನಮ್ಮ ರೂಢಿ. ಇಲ್ಲಿ ಪೂರ್ತಿ ಕೊಟ್ಟು ನೋಡಿದೆ.

ಪೆಟ್ಟಿಗೆ ಬಂತು. ಬಿಚ್ಚಿದ ಕೂಡಲೇ ನನ್ನ ಹೆಂಡತಿ ಅಂದಳು, 'ಹೊಸಾ ಸಾಲಿ ಬ್ಯಾಗಿನ ವಾಸನಿ ಬರ್ತೈತಲ್ರಿ.' ನಿನಗೆ ಚರ್ಮದ ಬಗ್ಗೆ ಏನು ಗೊತ್ತು ಅಂತ ಗದರಿದೆ. ಅವಳು ಇವತ್ತಿನವರೆಗೂ ಅದನ್ನು ಎತ್ತಿ ಆಡಿಲ್ಲ. ಅದೇ ಜಾಸ್ತಿ ಚುಚ್ಚುತ್ತದೆ.

ಮೊದಲ ಮೂರು ದಿನ ಸ್ವರ್ಗ. ನಿಜ ಹೇಳಬೇಕಲ್ಲ. ಮೆತ್ತಗೆ, ಹಗುರ, ಮಲ್ಲಿಯ ಬೆನ್ನು ಕಾಲ ಕೆಳಗೆ ಆಡುವುದು ಗೊತ್ತಾಗುತ್ತದೆ. ಇಬ್ಬರು ಗೆಳೆಯರಿಗೆ ನೀವೂ ತರಿಸಿ ಅಂತ ಬೇರೆ ಹೇಳಿದೆ. ಪುಣ್ಯಕ್ಕೆ ಅವರು ತರಿಸಲಿಲ್ಲ.

ನಾಲ್ಕನೇ ದಿನ ಚಹಾ ಅಂಗಡಿ ಮುಂದೆ ಇಳಿದು ಮತ್ತೆ ಹತ್ತಲು ರಿಕಾಪಿನಲ್ಲಿ (ಕಾಲಿಡುವ ಬಳೆಯಲ್ಲಿ) ಕಾಲಿಟ್ಟೆ. ಜೀನು ಹಾಗೇ ಪಕ್ಕಕ್ಕೆ ತಿರುಗಿ ಮಲ್ಲಿಯ ಹೊಟ್ಟೆ ಕೆಳಗೆ ಹೋಯಿತು, ನಾನು ಮಣ್ಣಿನಲ್ಲಿ. ಐವತ್ತು ದಾಟಿದವನು, ಹತ್ತು ಜನರ ಎದುರಿಗೆ. ಮಲ್ಲಿ ಬೆದರಿ ಓಡಲಿಲ್ಲ, ನಿಂತು ನನ್ನನ್ನೇ ನೋಡಿದಳು. ಬೇರೆ ಕುದುರೆ ಆಗಿದ್ದರೆ ಏನಾಗುತ್ತಿತ್ತೋ. ಮಾರಿದವನಿಗೆ ಹೇಳಿದರೆ, 'ಸರ್, ನೆಲದಿಂದ ಹತ್ತಬಾರದು, ಕಟ್ಟೆ ಮೇಲಿಂದ ಹತ್ತಬೇಕು. ಟ್ರೀಲೆಸ್ ಅಂದರೆ ಹಾಗೇ.' ಅದು ಸರಿ, ಆಮೇಲೆ ವಿಚಾರಿಸಿದೆ, ಕಟ್ಟೆಯಿಂದ ಹತ್ತುವುದೇ ಒಳ್ಳೆಯದಂತೆ. ಆದರೆ ದುಡ್ಡು ತೆಗೆದುಕೊಳ್ಳುವ ಮುಂಚೆ ಈ ಮಾತು ಬಾಯಲ್ಲಿ ಬರಲಿಲ್ಲ ಯಾಕೆ? ತೊರವಿ ರಸ್ತೆಯಲ್ಲಿ ನಾನು ಕಟ್ಟೆ ಹೊತ್ತುಕೊಂಡು ಹೋಗಲಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ಈಗಲೂ ಮೈ ಬಿಸಿ ಆಗುತ್ತದೆ.

ಎಂಟನೇ ದಿನ ಸ್ವಲ್ಪ ದೂರ ಹೋಗಿ ಬಂದೆವು. ಬಿಸಿಲಿತ್ತು, ಮಲ್ಲಿ ಚೆನ್ನಾಗಿ ಬೆವೆತಿದ್ದಳು. ಜೀನು ತೆಗೆದರೆ ಬೆನ್ನೆಲ್ಲ ಒದ್ದೆ, ಆದರೆ ಎರಡು ಕಡೆ, ಸರಿಯಾಗಿ ರಿಕಾಪಿನ ಪಟ್ಟಿ ಹಾದುಹೋಗುವ ಜಾಗದಲ್ಲಿ, ಅಂಗೈ ಅಗಲ ಒಣ ಕೂದಲು. ಎಡಕ್ಕೊಂದು, ಬಲಕ್ಕೊಂದು. ಸುತ್ತ ಬೆವರು, ನಡುವೆ ಖಡಕ್ ಒಣಗಿದ ತುಂಡು. ಕೈಯಿಟ್ಟು ನೋಡಿದೆ, ಬಿಸಿ ಇತ್ತು. ಫೋಟೋ ತೆಗೆದು ಅವನಿಗೆ ಕಳಿಸಿ, ಇದೇನು ಅಂತ ಕೇಳಿದೆ. ಅವನ ಉತ್ತರ ಹಾಗೇ ಹಾಕುತ್ತೇನೆ: 'ಸೂಪರ್ ಸರ್! ಅಲ್ಲಿ ಗಾಳಿ ಆಡುತ್ತಿದೆ, ಅದಕ್ಕೇ ಒಣಗಿದೆ. ಇದು ನಮ್ಮ ಏರ್ ಫ್ಲೋ ಡಿಸೈನ್.' ಜೊತೆಗೆ ಕೈ ಮುಗಿಯುವ ಚಿತ್ರ.

ನಾನು ನಂಬಿದೆ. ನಂಬಿ ಮರುದಿನ ಮತ್ತೆ ಹತ್ತಿದೆ. ಅದರ ಮರುದಿನವೂ ಹತ್ತಿದೆ. ಹೀಗೆ ಒಟ್ಟು ಮೂರು ದಿನ ಆ ಒಣ ಜಾಗದ ಮೇಲೇ ಕೂತೆ.

ಒದ್ದೆ ಬೆನ್ನಿನ ನಡುವೆ ಒಣ ತುಂಡು ಕಂಡರೆ ಹೆಚ್ಚಾಗಿ ಅದು ಗಾಳಿ ಅಲ್ಲ, ಒತ್ತಡ. ಅಲ್ಲಿ ಎಷ್ಟು ಅದುಮಿದೆ ಅಂದರೆ ಬೆವರೇ ಬರುವುದಿಲ್ಲ. ಇದು ಕುದುರೆ ಸಾಕಿದವರಿಗೆ ಗೊತ್ತಿರುವ ವಿಷಯ. ಅಪ್ಪ ಇದ್ದಿದ್ದರೆ ಕೆನ್ನೆಗೆ ಬಿಡುತ್ತಿದ್ದರು. ಹೊಸ ಮಾಲು, ಹೊಸ ಮಾತು, 'ಏರ್ ಫ್ಲೋ' ಅಂತೆ, ಕೇಳಿದ ಕೂಡಲೇ ನನಗೆ ಗೊತ್ತಿದ್ದದ್ದೂ ಮರೆತುಹೋಯಿತು.

ಹನ್ನೆರಡನೇ ದಿನ ಜೀನು ತಂದರೆ ಮಲ್ಲಿ ಕಿವಿ ಹಿಂದಕ್ಕೆ ಹಾಕಿದಳು. ಮಾರ್ವಾಡಿ ತಳಿಯ ಆ ಬಾಗಿದ ಕಿವಿ ಎರಡೂ ತಲೆಗೆ ಅಂಟಿದ ಹಾಗೆ. ತಂಗು (ಹೊಟ್ಟೆ ಸುತ್ತ ಜೀನು ಕಟ್ಟುವ ಪಟ್ಟಿ) ಬಿಗಿಯುವಾಗ ತಿರುಗಿ ಕಚ್ಚಲು ಬಂದಳು. ಏಳು ವರ್ಷದಲ್ಲಿ ಯಾರಿಗೂ ಹಲ್ಲು ತೋರಿಸದವಳು. ಜೀನು ತೆಗೆದು ಬೆನ್ನುಹುರಿಯ ಪಕ್ಕ ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬೆನ್ನನ್ನು ಹಾಗೇ ಕೆಳಗೆ ಜಗ್ಗಿಕೊಂಡಳು. ಎರಡೂ ಕಡೆ ಅರ್ಧ ಲಿಂಬೆಹಣ್ಣಿನಷ್ಟು ಬಾವು. ಬೆನ್ನಿನ ಮೂಳೆ ಮೇಲೆ ಕೂದಲು ಸವೆದು ಚರ್ಮ ಕೆಂಪಾಗಿತ್ತು. ಡಾಕ್ಟರು ಬಂದು ನೋಡಿ ಆರು ವಾರ ಜೀನೇ ಹಾಕಬೇಡಿ ಅಂದರು. ಅವರು ಬೈಯಲಿಲ್ಲ, ನನ್ನ ಮುಖ ನೋಡಿ ಸುಮ್ಮನಾದರು.

ಆ ಸಿಟ್ಟಿನಲ್ಲಿ ಜೀನನ್ನು ಹೆಗಲ ಮೇಲೆ ಹಾಕಿಕೊಂಡು, ಟಾಂಗಾ ಸಾಮಾನು ಹೊಲಿಯುವ ಒಬ್ಬ ಅಜ್ಜನ ಹತ್ತಿರ ಹೋದೆ. ವಿಜಯಪುರದಲ್ಲಿ ಟಾಂಗಾ ಓಡುವ ತನಕ ಇಂಥವರಿಗೆ ಕೆಲಸ ಇರುತ್ತದೆ. ಅಜ್ಜ ಮೂಸಿ ನೋಡಿದರು, ಉಗುರಿನಿಂದ ಗೀರಿದರು. 'ಬಿಚ್ಚಲೇನು?' ಅಂದರು. ಬಿಚ್ಚಿ ಅಂದೆ. ಚರ್ಮ ಕೊಯ್ಯುವ ರಂಪಿಗೆ ತೆಗೆದುಕೊಂಡು ಕೆಳಗಿನ ಹೊಲಿಗೆ ಒಂದು ಗೇಣು ಸೀಳಿದರು. ಮೇಲಿನದು ರೆಕ್ಸಿನ್, ಅಂಚಿಗೆ ಮಾತ್ರ ಚರ್ಮದ ಪಟ್ಟಿ. ಒಳಗೆ ಸೋಫಾಕ್ಕೆ ಹಾಕುವ ಹಳದಿ ಸ್ಪಂಜು, ಹಿಸುಕಿದರೆ ಕಾಗದದಷ್ಟು ತೆಳ್ಳಗೆ. ಬೆನ್ನುಹುರಿಗೆ ಜಾಗ ಬಿಡುವ ಕಾಲುವೆ ಇಲ್ಲವೇ ಇಲ್ಲ. ಎರಡೂ ರಿಕಾಪು ನೇತಾಡುತ್ತಿದ್ದದ್ದು ಎರಡು ಬೆರಳು ಅಗಲದ ಒಂದೇ ನೈಲಾನ್ ಪಟ್ಟಿಗೆ. ಅದು ಮಲ್ಲಿಯ ಬೆನ್ನಿನ ಮೇಲೆ ಅಡ್ಡಡ್ಡ ಹಾದುಹೋಗುತ್ತಿತ್ತು. ನಾನು ರಿಕಾಪಿನ ಮೇಲೆ ಎದ್ದು ನಿಂತಾಗೆಲ್ಲ ನನ್ನ ಪೂರ್ತಿ ಭಾರ ಆ ಪಟ್ಟಿಯ ಮೇಲೆ. ಅಜ್ಜ ಪಟ್ಟಿಯನ್ನು ಎಳೆದು ಹಿಡಿದು ನನ್ನ ಮುಂಗೈ ಮೇಲೆ ಒತ್ತಿ ತೋರಿಸಿದರು. ಗೆರೆ ಮೂಡಿತು. 'ನಿಮಗ ಹಿಂಗಾದ್ರ, ಅದಕ್ಕ?' ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಕಟ್ಟಿಗೆಯ ಚೌಕಟ್ಟು ಮಾಡುವ ಕೆಲಸ ಅದೇ ಅಲ್ವಾ, ಭಾರವನ್ನು ಬೆನ್ನುಹುರಿಯ ಎರಡೂ ಕಡೆ ಹಂಚುವುದು. ಅದನ್ನು ತೆಗೆದ ಮೇಲೆ ಆ ಕೆಲಸ ಬೇರೆ ಯಾವುದಾದರೂ ಮಾಡಬೇಕು. ಜರ್ಮನಿಯ ಬೇರ್‌ಫೂಟ್‌ನಂಥ ಕಂಪನಿಗಳು ಟ್ರೀಲೆಸ್ ಜೀನಿಗೆ ಅಂತಲೇ ಬೇರೆ ಪ್ಯಾಡ್ ಮಾರುತ್ತವೆ, ಇದಕ್ಕೇ. ನನ್ನವನು 'ಯಾಕೆ ಖರ್ಚು' ಅಂದುಬಿಟ್ಟ. ಚೌಕಟ್ಟು ತೆಗೆದ, ಅದರ ಜಾಗದಲ್ಲಿ ಏನೂ ಹಾಕಲಿಲ್ಲ. ಅದನ್ನು ಟ್ರೀಲೆಸ್ ಅನ್ನಬಾರದು. ದಿಂಬು ಅನ್ನಬೇಕು.

ಬಿಚ್ಚಿದ ಜೀನಿನ ಫೋಟೋ, ಬಾವಿನ ಫೋಟೋ ಎಲ್ಲ ಅವನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಎರಡು ದಿನ ಉತ್ತರ ಇಲ್ಲ. ಆಮೇಲೆ ಶುರುವಾಯಿತು. 'ಸರ್, ನಿಮ್ಮ ಕುದುರೆಯ ಬೆನ್ನೇ ಸರಿ ಇಲ್ಲ.' ಫೋಟೋ ಮೊದಲೇ ಕಳಿಸಿದ್ದೆನಲ್ಲ ಮಾರಾಯ! 'ಸರ್, ನಿಮ್ಮ ತೂಕ ಜಾಸ್ತಿ.' ಇದು ನಾಟಿತು. ಯಾಕೆಂದರೆ ಪೂರ್ತಿ ಸುಳ್ಳಲ್ಲ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ 20 ಪರ್ಸೆಂಟ್ ಒಳಗಿರಲಿ ಅಂತ ಒಂದು ಲೆಕ್ಕ ಹೇಳುತ್ತಾರೆ. ಮಲ್ಲಿ 370 ಕೆಜಿ ಇರಬಹುದು ಅಂತ ಡಾಕ್ಟರು ಅಂದಾಜು ಹೇಳಿದರು. ಅಲ್ಲಿಗೆ 74. ನಾನೊಬ್ಬನೇ 78. ಸರಿ, ರಾತ್ರಿ ಊಟ ಕಡಿಮೆ ಮಾಡಿದ್ದೇನೆ, ಅದು ನನ್ನ ತಲೆನೋವು. ಆದರೆ 110 ಕೆಜಿಯವರೂ ಹತ್ತುತ್ತಾರೆ ಅಂದದ್ದು ಯಾರು?

ವಾಪಸ್ ತಗೋ ಅಂದೆ. 'ಸರ್, ನೀವು ಕತ್ತರಿಸಿದ್ದೀರಿ, ಕತ್ತರಿಸಿದ ಮಾಲು ವಾಪಸ್ ಇಲ್ಲ.' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಚ್ಚುವ ಮುಂಚೆ ಕೇಳಬೇಕಿತ್ತು, ಸಿಟ್ಟಿನಲ್ಲಿ ಅದೂ ಕೆಟ್ಟಿತು. ಕೊನೆಗೆ ಅವನು, 'ಒಂದು ಒಳ್ಳೆ ಪ್ಯಾಡ್ ಕಳಿಸುತ್ತೇನೆ, ನಿಮಗಾಗಿ ಬರೀ 7,500.' ಪ್ಯಾಡ್ ಬೇಡ ಅಂದವನೇ ಇವನು! ಫೋನ್ ಬಿಸಾಕುವಷ್ಟು ಸಿಟ್ಟು ಬಂತು. ಬಿಸಾಕಲಿಲ್ಲ, ಅದರ ಕಂತು ಇನ್ನೂ ಇದೆ.

ಟ್ರೀಲೆಸ್ ತೆಗೆದುಕೊಳ್ಳುವವರು ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಜೀನು ತಿರುಗಿಸಿ ಕೆಳಭಾಗ ನೋಡಿ. ನಡುವೆ ಕಾಲುವೆ ಇದೆಯಾ, ರಿಕಾಪು ಯಾವುದಕ್ಕೆ ನೇತಾಡುತ್ತಿದೆ, ಅದರ ಭಾರ ಎಲ್ಲಿ ಬೀಳುತ್ತದೆ ಅಂತ ವಿಡಿಯೋ ಕೇಳಿ. ನಿಮ್ಮ ಕುದುರೆ ಎದ್ದ ಹೆಗಲಿನದಾದರೆ ಒಂದು ವಾರ ಯಾರದ್ದಾದರೂ ಎರವಲು ತಂದು ಹಾಕಿ ನೋಡಿ. ದಿನಾ ಜೀನು ತೆಗೆದ ಮೇಲೆ ಬೆವರು ನೋಡಿ. ಮತ್ತೆ, ಎಲ್ಲ ಕುದುರೆಗೂ ಕೂಡುತ್ತೆ ಅಂತ ಯಾರಾದರೂ ಅಂದರೆ ಅಲ್ಲೇ ಫೋನ್ ಇಡಿ. ಎಲ್ಲರ ಕಾಲಿಗೂ ಒಂದೇ ಚಪ್ಪಲಿ ಮಾರುವವನನ್ನು ನಂಬುತ್ತೀರಾ?

ಆರು ವಾರ ಮುಗಿದು ಮತ್ತೆ ಮೂರು ವಾರ ಆಯಿತು. ಬಾವು ಇಳಿದಿದೆ, ಒತ್ತಿದರೆ ಈಗ ಜಗ್ಗುವುದಿಲ್ಲ. ಆದರೆ ಆ ಎರಡು ಜಾಗದಲ್ಲಿ ಕೆಂಪು ಕೂದಲಿನ ನಡುವೆ ಬಿಳಿ ಕೂದಲು ಬರುತ್ತಿದೆ. ಅದು ಬಹುಶಃ ಇನ್ನು ಹೋಗುವುದಿಲ್ಲ ಅಂದರು ಡಾಕ್ಟರು. ಅಪ್ಪನ ಜೀನಿಗೆ ಆ ಟಾಂಗಾ ಅಜ್ಜ ಹೊಸ ನಮ್ದಾ (ಉಣ್ಣೆಯ ಗಾದಿ) ಹೊಲಿದು ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಸದ್ಯಕ್ಕೆ ಮಲ್ಲಿಯನ್ನು ಲಗಾಮು ಹಿಡಿದು ನಡೆಸಿಕೊಂಡೇ ತೊರವಿ ತನಕ ಹೋಗಿ ಬರುತ್ತೇನೆ. ಚಹಾ ಅಂಗಡಿಯವನು, ಇವತ್ತೂ ನಡಕೊಂತ ಬಂದ್ರೇನ್ರಿ, ಅಂತ ಕೇಳುತ್ತಾನೆ. ನಿನ್ನೆ ಅಲ್ಲೇ ನಿಂತಿದ್ದಾಗ ಫೋನಿಗೆ ಮೆಸೇಜ್ ಬಂತು. ಅದೇ ನಂಬರು, ಅದೇ ಬಿಳಿ ಕುದುರೆ, 'ಸ್ಟಾಕ್ ಮುಗಿಯುತ್ತಿದೆ, ಕೊನೆಯ ಎರಡು ಪೀಸ್.'