ಬೇಸ್ ಗಿಟಾರ್ ಯಾರದು? ಪೆಂಟಾಟಾನಿಕ್ಸ್‌ನ ‘ದಟ್ಸ್ ಕ್ರಿಸ್‌ಮಸ್ ಟು ಮಿ’, ಹತ್ತು ಡಿಸೆಂಬರ್‌ಗಳ ಬಳಕೆಯ ನಂತರ

ಪೆಂಟಾಟಾನಿಕ್ಸ್ ವಾದ್ಯವಿಲ್ಲದೆ ಬರೀ ದನಿಯಲ್ಲೇ ಹಾಡುವ ಅಮೆರಿಕದ ಐವರ ತಂಡ. ಅವರ ಈ ಕ್ರಿಸ್‌ಮಸ್ ಆಲ್ಬಂ ಹಾಕಿದಾಗ ಹೊಸಬರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಡ್ರಮ್ ಯಾರು ಬಾರಿಸಿದ್ದು? ಯಾರೂ ಇಲ್ಲ. ಕೆವಿನ್ ಒಲುಸೋಲಾ ಬಾಯಲ್ಲೇ ಬಾರಿಸಿದ್ದು. ಅದಕ್ಕಿಂತ ಮುಖ್ಯವಾದ ಎರಡನೇ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ: ಬೇಸ್ ಗಿಟಾರ್ ಯಾರದು? ಅದೂ ಗಿಟಾರ್ ಅಲ್ಲ, ಅವಿ ಕಪ್ಲಾನ್ ಅವರ ಗಂಟಲು. ಯಾರೂ ಕೇಳದಿರುವುದಕ್ಕೆ ಕಾರಣ ಸರಳ. ಬಹಳ ಜನ ಈ ಆಲ್ಬಮನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳುತ್ತಾರೆ, ಅಲ್ಲಿ ಆ ದನಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಐದಕ್ಕೆ ನಾಲ್ಕು ಅಂಕ ಕೊಡಬಹುದಾದ ಆಲ್ಬಂ ಇದು, ಆದರೆ ಮಂದ್ರ ಕೇಳಿಸುವ ಸಲಕರಣೆ ಇದ್ದರೆ ಮಾತ್ರ. ಇಲ್ಲದಿದ್ದರೆ ಎರಡೂವರೆ.

ಮೊದಲು ಹಿನ್ನೆಲೆ. 2011ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಹುಟ್ಟಿದ ತಂಡ ಇದು. ಸ್ಕಾಟ್ ಹೋಯಿಂಗ್, ಮಿಚ್ ಗ್ರಾಸಿ, ಕರ್ಸ್ಟಿನ್ ಮಾಲ್ಡೊನಾಡೊ ಶಾಲೆಯ ಗೆಳೆಯರು; ಕಪ್ಲಾನ್ ಮತ್ತು ಒಲುಸೋಲಾ ಆಮೇಲೆ ಸೇರಿಕೊಂಡವರು. ಅದೇ ವರ್ಷ ಎನ್‌ಬಿಸಿ ವಾಹಿನಿಯ ‘ದಿ ಸಿಂಗ್ ಆಫ್’ ಸ್ಪರ್ಧೆ ಗೆದ್ದರು. ತಂಡದ ಹೆಸರು ಐದು ಸ್ವರಗಳ ಪೆಂಟಾಟಾನಿಕ್ ಶ್ರೇಣಿಯಿಂದ ಬಂದದ್ದು, ನಮ್ಮಲ್ಲಿ ಔಡವ ಎನ್ನುವುದು. ಮೋಹನ ರಾಗದ ಆರೋಹಣ ಅವರೋಹಣ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಐದು ಸ್ವರಕ್ಕೆ ಐದು ಜನ ಎಂಬ ಲೆಕ್ಕ ಅಷ್ಟೇ. ಹಾಡುಗಳು ಔಡವದಲ್ಲಿರುತ್ತವೆ ಎಂದುಕೊಳ್ಳಬೇಡಿ.

ಆಲ್ಬಂ ಬಿಡುಗಡೆಯಾದದ್ದು 2014ರ ಅಕ್ಟೋಬರ್ 21ಕ್ಕೆ, ಆರ್‌ಸಿಎ ಕಂಪನಿಯಿಂದ. ಅಕ್ಟೋಬರ್‌ನಲ್ಲೇ ಕ್ರಿಸ್‌ಮಸ್ ಯಾಕೆ ಎಂಬ ಗೊಣಗಾಟ ಪ್ರತಿ ವರ್ಷ ಇಂಥ ಆಲ್ಬಂಗಳ ಬೆನ್ನಿಗೆ ಬರುವಂಥದ್ದೇ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಅದು ಸರಿಯಾದ ದಿನ. ಹಬ್ಬದ ಆಲ್ಬಂ ಮೊದಲ ವಾರದಲ್ಲಿ ಓಡುವುದಿಲ್ಲ, ಡಿಸೆಂಬರ್‌ವರೆಗೆ ನಿಧಾನಕ್ಕೆ ಏರುತ್ತದೆ. ಇದೂ ಹಾಗೆಯೇ ಏರಿ ಅಮೆರಿಕದ ಆಲ್ಬಂಗಳ ಶ್ರೇಯಾಂಕವಾದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 2ನೇ ಸ್ಥಾನ ತಲುಪಿತು, ಅಮೆರಿಕದಲ್ಲಿ ಪ್ಲಾಟಿನಂ ದಾಟಿತು. ‘ಮೇರಿ, ಡಿಡ್ ಯು ನೋ’ ಹಾಡು ಬಿಡಿ ಹಾಡುಗಳ ಪಟ್ಟಿಯಾದ ಹಾಟ್ 100ರಲ್ಲಿ 26ರವರೆಗೆ ಹೋಯಿತು. ವಾದ್ಯವಿಲ್ಲದ ಹಾಡು, ಅದರಲ್ಲೂ ಭಕ್ತಿಗೀತೆ, ಪಾಪ್ ಪಟ್ಟಿಯಲ್ಲಿ ಅಷ್ಟು ದೂರ ಹೋಗುವುದು ಅಪರೂಪ.

ಈಗ ಹಾಡುಗಳಿಗೆ. ಒಟ್ಟು ಹನ್ನೊಂದು, ಹತ್ತಿರಹತ್ತಿರ ಮೂವತ್ತೈದು ನಿಮಿಷ. ಎಲ್ಲದಕ್ಕೂ ಸಮನಾಗಿ ಕಿವಿ ಕೊಡಬೇಕಿಲ್ಲ.

ಮುಖ್ಯವಾದದ್ದು ‘ಡಾನ್ಸ್ ಆಫ್ ದ ಶುಗರ್ ಪ್ಲಮ್ ಫೇರಿ’. ಚೈಕೋವ್‌ಸ್ಕಿ 1892ರ ‘ನಟ್‌ಕ್ರ್ಯಾಕರ್’ ಬ್ಯಾಲೆಗೆ ಬರೆದ ತುಣುಕು ಇದು. ಮೂಲದಲ್ಲಿ ಸೆಲೆಸ್ಟಾ ಎಂಬ ಕೀಲಿಮಣೆ ವಾದ್ಯದ ಗಾಜಿನಂಥ ಸದ್ದು ಮೇಲಿರುತ್ತದೆ, ಅದಕ್ಕೆ ಉತ್ತರವಾಗಿ ಬೇಸ್ ಕ್ಲಾರಿನೆಟ್ ಕೆಳಕ್ಕೆ ಜಾರುತ್ತದೆ. ಇಲ್ಲಿ ಸಾಹಿತ್ಯವಿಲ್ಲ, ಬರೀ ಚಿಕ್ಕ ಚಿಕ್ಕ ಅಕ್ಷರಗಳು. ಸೆಲೆಸ್ಟಾದ ಸ್ವರಗಳನ್ನು ಮೇಲಿನ ದನಿಗಳು ಚೂರುಚೂರಾಗಿ ಹಂಚಿಕೊಂಡಿವೆ. ಒಬ್ಬರು ಬಿಟ್ಟಲ್ಲಿ ಮತ್ತೊಬ್ಬರು ಹಿಡಿಯುತ್ತಾರೆ, ಸ್ವರ ತುಂಡಾದದ್ದು ಗೊತ್ತಾಗುವುದಿಲ್ಲ. ಕ್ಲಾರಿನೆಟ್ ಇಳಿಯುವ ಜಾಗ ಕಪ್ಲಾನ್ ಅವರದು. ಈ ವಿನ್ಯಾಸಕ್ಕೆ 2016ರಲ್ಲಿ ಗ್ರ್ಯಾಮಿ ಬಂತು. ಪ್ರಶಸ್ತಿಯಲ್ಲಿ ಐವರ ಜೊತೆ ಬೆನ್ ಬ್ರಾಮ್ ಹೆಸರೂ ಇದೆ. ತಂಡದ ಹಾಡುಗಳನ್ನು ಕೂತು ಕಟ್ಟುವವರಲ್ಲಿ ಅವರದು ದೊಡ್ಡ ಪಾಲು. ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚಿನ ಈ ತುಣುಕೇ ಸಲಕರಣೆ ಪರೀಕ್ಷಿಸಲು ಒಳ್ಳೆಯ ಅಳತೆಗೋಲು. ಕ್ಲಾರಿನೆಟ್ ಜಾಗದಲ್ಲಿ ಎದೆಗೆ ಬಡಿದಂತಾಗದಿದ್ದರೆ ನಿಮ್ಮ ಇಯರ್‌ಫೋನ್ ಸರಿಯಾಗಿ ಕೂತಿಲ್ಲ.

ಇದರ ವಿಜ್ಞಾನ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಬೇಸ್ ಗಾಯಕರು ಸಾಮಾನ್ಯವಾಗಿ ಇಳಿಯುವ ಕೆಳಗಿನ ಇ ಸ್ವರ (ಪಾಶ್ಚಾತ್ಯ ಹೆಸರು) ಸುಮಾರು 82 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ; ಅದಕ್ಕೂ ಕೆಳಗಿನ ಸಿ ಸುಮಾರು 65. ಫೋನಿನ ಪುಟ್ಟ ಸ್ಪೀಕರ್‌ಗಳಲ್ಲಿ 200-300 ಹರ್ಟ್ಸ್‌ಗಿಂತ ಕೆಳಗೆ ಸದ್ದು ಕುಸಿಯುತ್ತದೆ. ಆದರೂ ಸ್ವರ ಯಾವುದೆಂದು ತಿಳಿಯುತ್ತದಲ್ಲ, ಹೇಗೆ? ಮೇಲಿನ ಉಪಸ್ವರಗಳನ್ನು ಕೇಳಿ ಮೆದುಳು ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ರಾಗ ಸರಿ ಇದೆ ಅನ್ನಿಸುತ್ತದೆ, ಮೈ ಮಾತ್ರ ಇರುವುದಿಲ್ಲ. ‘ಸದ್ದು ತೆಳು, ಬರೀ ಸಿಹಿ’ ಎಂದು ಈ ತಂಡವನ್ನು ತಳ್ಳಿಹಾಕುವವರಲ್ಲಿ ಅನೇಕರು ತಳ್ಳಿಹಾಕಿದ್ದು ತಮ್ಮ ಫೋನನ್ನು.

ಕಿವಿಯೊಳಗೆ ಕೂರುವ ಇಯರ್‌ಫೋನ್ ಆದರೆ ರಬ್ಬರ್ ತುದಿಯ ಅಳತೆ ಬದಲಿಸಿ ನೋಡಿ. ಗಾಳಿ ಸೋರಿದರೆ ಮೊದಲು ಹೋಗುವುದೇ ಮಂದ್ರ. ಮಂದ್ರ, ತಾರಗಳ ಮಟ್ಟವನ್ನು ಬೇರೆಬೇರೆಯಾಗಿ ಹೊಂದಿಸುವ ಈಕ್ವಲೈಜರ್ ಇದ್ದರೆ 60ರಿಂದ 100 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬಲ್ ಏರಿಸಿ, 6ರಿಂದ 8 ಕಿಲೋಹರ್ಟ್ಸ್‌ನಲ್ಲಿ ಎರಡು ಡೆಸಿಬಲ್ ಇಳಿಸಿ. ಎರಡನೆಯದು ಯಾಕೆಂದರೆ, ಬಾಯಿಂದ ಬರುವ ಹೈ ಹ್ಯಾಟ್‌ನ (ಡ್ರಮ್ ಸೆಟ್ಟಿನ ಜೋಡಿ ತಾಳ) ‘ತ್ಸ್’ ಸದ್ದು ಮತ್ತು ಐದೂ ಜನರ ಸಕಾರಗಳು ಅಲ್ಲೇ ಗುಂಪುಗೂಡುತ್ತವೆ. ಕಡಿಮೆ ದರ್ಜೆಯ ಸ್ಟ್ರೀಮಿಂಗ್‌ನಲ್ಲಿ ಅವು ಮರಳು ಉಜ್ಜಿದಂತೆ ಕೇಳಿಸುತ್ತವೆ. ಆ್ಯಪ್‌ನಲ್ಲಿ ಗುಣಮಟ್ಟವನ್ನು ಅತಿ ಹೆಚ್ಚಿಗೆ ಇಡಿ. ಒಂದು ಹಾಡು ಇನ್ನೊಂದರೊಳಗೆ ಕರಗುವ ಕ್ರಾಸ್‌ಫೇಡ್ ಆಯ್ಕೆಯನ್ನು ನಿಲ್ಲಿಸಿ. ಇಲ್ಲದಿದ್ದರೆ ‘ಸೈಲೆಂಟ್ ನೈಟ್’ನ ಕೊನೆಯ ಉಸಿರಿನ ಮೇಲೆ ಮುಂದಿನ ಹಾಡು ಬಂದು ಬೀಳುತ್ತದೆ.

‘ಮೇರಿ, ಡಿಡ್ ಯು ನೋ’ ಬಗ್ಗೆ ಕೇಳುಗರಲ್ಲಿ ಎರಡು ಬಣ. ಸಾಹಿತ್ಯ ಮಾರ್ಕ್ ಲೌರಿ ಅವರದು, 1984ರದು. ಬಡಿ ಗ್ರೀನ್ ರಾಗ ಹಾಕಿ ಅದು ಮೊದಲು ಧ್ವನಿಮುದ್ರಣವಾದದ್ದು 1991ರಲ್ಲಿ. ನಿನ್ನ ಮಗ ಮುಂದೆ ಏನೆಲ್ಲ ಮಾಡುವನೆಂದು ನಿನಗೆ ಗೊತ್ತಿತ್ತೇ ಎಂದು ಯೇಸುವಿನ ತಾಯಿ ಮರಿಯಳನ್ನು ಕೇಳುತ್ತ ಹೋಗುವ ಹಾಡು. ಲೂಕನ ಸುವಾರ್ತೆ ಓದಿದವರು ‘ದೇವದೂತ ಬಂದು ಹೇಳಿದ್ದನಲ್ಲ, ಗೊತ್ತೇ ಇತ್ತು’ ಎಂದು ಪ್ರತಿ ಡಿಸೆಂಬರ್ ಜಗಳ ತೆಗೆಯುತ್ತಾರೆ. ಜಗಳ ಸಾಹಿತ್ಯದ ಮೇಲೆ, ಗಾಯನದ ಮೇಲಲ್ಲ. ಗಾಯನದಲ್ಲಿ ಗಮನಿಸಬೇಕಾದದ್ದು ಅವಸರವಿಲ್ಲದಿರುವುದು. ಪ್ರಶ್ನೆಗಳು ಒಂದರ ಮೇಲೊಂದು ಏರಿದಂತೆ ದನಿಗಳೂ ಪದರಪದರವಾಗಿ ಏರುತ್ತವೆ. ಮೊದಲ ಚರಣದಲ್ಲೇ ಶಕ್ತಿ ಖರ್ಚು ಮಾಡುವ ಗಾಯಕವೃಂದಗಳು ಇಲ್ಲೇ ಸೋಲುತ್ತವೆ.

ಶೀರ್ಷಿಕೆ ಗೀತೆ ಹೋಯಿಂಗ್ ಮತ್ತು ಒಲುಸೋಲಾ ಬರೆದ ಸ್ವಂತ ರಚನೆ. ಮೆಲ್ಲಗೆ ಸಾಗುತ್ತದೆ, ಜಾಣತನ ತೋರಿಸಲು ಹೋಗುವುದಿಲ್ಲ. ಹಳೆಯ ಹಾಡುಗಳ ನಡುವೆ ಹೊಸ ಕ್ರಿಸ್‌ಮಸ್ ಹಾಡು ನಿಲ್ಲುವುದು ಕಷ್ಟ, ಇದು ನಿಂತಿದೆ. ‘ವೈಟ್ ವಿಂಟರ್ ಹಿಮ್ನಲ್’ ಫ್ಲೀಟ್ ಫಾಕ್ಸಸ್ ತಂಡದ 2008ರ ಹಾಡು. ಅದರಲ್ಲಿ ಕ್ರಿಸ್‌ಮಸ್ಸಿನ ಮಾತೇ ಇಲ್ಲ, ಹಿಮ ಇದೆ, ಅದೂ ಕೆಂಪಾಗುವ ಹಿಮ. ಹಬ್ಬದ ಆಲ್ಬಮಿನಲ್ಲಿ ಇದೇಕೆ ಎಂದವರಿದ್ದಾರೆ. ಹಾಡಿನ ಸಾಲುಗಳು ಸುತ್ತಿಸುತ್ತಿ ಬರುವ ರೀತಿ ಐದು ಬರೀ ದನಿಗಳಿಗೆಂದೇ ಮಾಡಿದಂತಿದೆ. ಉತ್ತರ ಅಷ್ಟೇ ಸಾಕು.

‘ಸ್ಲೇ ರೈಡ್’ ಮೂಲದಲ್ಲಿ ಲೆರಾಯ್ ಆಂಡರ್ಸನ್ 1948ರಲ್ಲಿ ಮುಗಿಸಿದ ವಾದ್ಯಗೋಷ್ಠಿಯ ಕೃತಿ. ಸಾಹಿತ್ಯ ಬಂದದ್ದು ಆಮೇಲೆ. ಚಾಟಿಯ ಏಟು, ಕುದುರೆ ಗೊರಸಿನ ಟಕಟಕ, ಕೊನೆಗೆ ಕಹಳೆಯಲ್ಲಿ ಕುದುರೆಯ ಕೆನೆತ, ಎಲ್ಲ ವಾದ್ಯದ ಚೇಷ್ಟೆಗಳೇ. ಅದನ್ನು ಬಾಯಿಗೆ ಇಳಿಸುವುದು ಈ ತಂಡಕ್ಕೆ ಹಬ್ಬದೂಟ. ‘ವಿಂಟರ್ ವಂಡರ್‌ಲ್ಯಾಂಡ್’ಗೆ ‘ಡೋಂಟ್ ವರಿ, ಬಿ ಹ್ಯಾಪಿ’ ಹೆಣೆದು ಗಾಯಕಿ ಟೋರಿ ಕೆಲ್ಲಿ ಅವರನ್ನು ಕರೆದದ್ದರಲ್ಲಿ ಒಂದು ಒಳನಗೆ ಇದೆ. ಬಾಬಿ ಮೆಕ್‌ಫೆರಿನ್ ಅವರ ಆ ಹಾಡು 1988ರಲ್ಲಿ ಹಾಟ್ 100ರ ತುದಿಗೇರಿತು; ವಾದ್ಯವೇ ಇಲ್ಲದ ಹಾಡೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಹಿರಿಯರಿಗೆ ನಮಸ್ಕಾರ ಹಾಕಿ ಮುಂದೆ ಹೋದಂತೆ. ಹೆಣಿಗೆ ಮಾತ್ರ ಅಲ್ಲಲ್ಲಿ ಹೊಲಿಗೆ ಕಾಣಿಸುತ್ತದೆ.

ಸಪ್ಪೆ ಎನ್ನಿಸುವುದು ‘ಇಟ್ಸ್ ದ ಮೋಸ್ಟ್ ವಂಡರ್‌ಫುಲ್ ಟೈಮ್’ ಮತ್ತು ‘ಸಾಂಟಾ ಕ್ಲಾಸ್ ಈಸ್ ಕಮಿಂಗ್ ಟು ಟೌನ್’. ತಪ್ಪಿಲ್ಲ, ಹೊಸದೂ ಇಲ್ಲ. ಕೊನೆಗೆ ಸೇರಿಸಿದ ‘ಲೆಟ್ ಇಟ್ ಗೋ’ 2013ರ ‘ಫ್ರೋಜನ್’ ಚಿತ್ರದ್ದು. ಆ ವರ್ಷ ಎಲ್ಲರ ಬಾಯಲ್ಲೂ ಇತ್ತು, ಅದಕ್ಕೇ ಸೇರಿತು, ಹತ್ತು ವರ್ಷ ಕಳೆದ ಮೇಲೆ ಅದೊಂದೇ ಹಳತಾಗಿ ಕೇಳಿಸುತ್ತದೆ. ಆಲ್ಬಮಿನ ಮೊದಲ ಹಾಡು ‘ಹಾರ್ಕ್! ದ ಹೆರಾಲ್ಡ್ ಏಂಜಲ್ಸ್ ಸಿಂಗ್’ ಎಂಬ 1739ರ ಸ್ತೋತ್ರಕ್ಕೆ ವಯಸ್ಸಾಗಿಲ್ಲ, ಇದಕ್ಕೆ ಆಗಿದೆ.

ದೊಡ್ಡ ತಕರಾರು ಸ್ಟುಡಿಯೊದ ನುಣುಪು. ದನಿಗಳನ್ನು ಅಷ್ಟು ಉಜ್ಜಿ ಹೊಳೆಯಿಸಿದ್ದಾರೆ ಎಂದರೆ ಮನುಷ್ಯರೋ ಯಂತ್ರವೋ ಎಂಬ ಅನುಮಾನ ಬರುತ್ತದೆ ಎನ್ನುವವರು ಮೊದಲಿನಿಂದಲೂ ಇದ್ದಾರೆ. ಅರ್ಧ ನಿಜ. ವೇಗದ ಹಾಡುಗಳಲ್ಲಿ ಪ್ರತಿ ಸ್ವರದ ಅಂಚು ಕತ್ತರಿಸಿಟ್ಟಂತಿದೆ, ಉಸಿರು ಕೇಳಿಸುವುದಿಲ್ಲ. ನಿಧಾನದ ಹಾಡುಗಳಲ್ಲಿ ಕೇಳಿಸುತ್ತದೆ. ಅನುಮಾನವಿರುವವರು ‘ಸೈಲೆಂಟ್ ನೈಟ್’ ಮೊದಲು ಹಾಕಿಕೊಳ್ಳಿ.

ಇನ್ನೊಂದು ತಕರಾರು ಮರುಮಾರಾಟದ್ದು. 2015ರಲ್ಲಿ ಇದೇ ಆಲ್ಬಂ ಹೆಚ್ಚುವರಿ ಹಾಡುಗಳೊಂದಿಗೆ ಡೀಲಕ್ಸ್ ಆಗಿ ಬಂತು. 2016ರ ‘ಎ ಪೆಂಟಾಟಾನಿಕ್ಸ್ ಕ್ರಿಸ್‌ಮಸ್’ ಪಟ್ಟಿಯ 1ನೇ ಸ್ಥಾನಕ್ಕೇರಿತು, ಮರುವರ್ಷ ಅದಕ್ಕೂ ಡೀಲಕ್ಸ್. 2019ರಲ್ಲಿ ಆಯ್ದ ಹಾಡುಗಳ ಸಂಕಲನ. ಹೀಗಾಗಿ ಆ್ಯಪ್‌ನಲ್ಲಿ ಹುಡುಕಿದರೆ ಒಂದೇ ಹಾಡು ಮೂರು ಕಡೆ ಸಿಗುತ್ತದೆ. ‘ದಟ್ಸ್ ಕ್ರಿಸ್‌ಮಸ್ ಟು ಮಿ’ ಹೆಸರಿನಲ್ಲಿ ಹನ್ನೊಂದು ಹಾಡುಗಳ ಪಟ್ಟಿ ಕಂಡರೆ ಅದು 2014ರ ಮೂಲ. 2017ರಲ್ಲಿ ಕಪ್ಲಾನ್ ತಂಡ ಬಿಟ್ಟರು, ಮ್ಯಾಟ್ ಸಾಲಿ ಬಂದರು. ಸಾಲಿ ಸಮರ್ಥರು, ಆದರೂ ಹಳೆಯ ಕೇಳುಗರು ಪ್ರತಿ ವರ್ಷ ಈ ಆಲ್ಬಮಿಗೇ ಮರಳುವುದರ ಹಿಂದೆ ಆ ಮಂದ್ರದ ನೆನಪಿದೆ.

ಚರ್ಚಿನಲ್ಲೋ ಕಾಲೇಜಿನಲ್ಲೋ ಇವನ್ನು ಹಾಡಿಸಬೇಕೆಂದಿರುವವರಿಗೆ ಕೆಲವು ಮಾತು. ತಂಡದ ಹಾಡುಗಳ ಸ್ವರಲಿಪಿಯನ್ನು ಹ್ಯಾಲ್ ಲಿಯೊನಾರ್ಡ್ ಪ್ರಕಟಿಸಿದೆ. ಕಿವಿಯಲ್ಲಿ ಕೇಳಿ ಬರೆದುಕೊಳ್ಳಲು ಹೋದರೆ ಒಳದನಿಗಳು ತಪ್ಪುತ್ತವೆ. ಮೈಕಿಲ್ಲದೆ ಈ ವಿನ್ಯಾಸಗಳು ನಿಲ್ಲುವುದಿಲ್ಲ, ಪ್ರತಿಯೊಬ್ಬರಿಗೂ ಒಂದೊಂದು ಬೇಕು. ಮೈಕನ್ನು ತುಟಿಯ ಹತ್ತಿರ ತಂದಷ್ಟೂ ಕೆಳಗಿನ ಸ್ವರ ದಪ್ಪವಾಗುತ್ತದೆ, ಬೇಸ್ ಹಾಡುವವರ ಅರ್ಧ ಬಲ ಅಲ್ಲಿದೆ. ಆಗುವ ಅನಾಹುತ ಯಾವುದೆಂದರೆ, ಮಿಕ್ಸರ್ ಮುಂದೆ ಕೂತವರು ಅಭ್ಯಾಸಬಲದಿಂದ ಎಲ್ಲ ಗಾಯಕರ ಮೈಕಿಗೂ ‘ಲೋ ಕಟ್’ ಗುಂಡಿ ಒತ್ತಿಬಿಡುತ್ತಾರೆ. ಅದು 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತದೆ. ಬೇಸ್ ಮತ್ತು ಬೀಟ್‌ಬಾಕ್ಸ್ (ಬಾಯಿಡ್ರಮ್) ಮೈಕುಗಳಲ್ಲಿ ಅದನ್ನು ಬಿಡಿಸಲೇಬೇಕು.

ಬೀಟ್‌ಬಾಕ್ಸ್ ಕಲಿಯುವವರಿಗೆ ಕೊನ್ನಕೋಲ್ ಬಂದರೆ ಲಯಕ್ಕೆ ಸಹಾಯ, ಸದ್ದಿಗೆ ಅಲ್ಲ. ಕೊನ್ನಕೋಲ್ ಮೃದಂಗದ ಜತಿಯನ್ನು ಹೇಳುತ್ತದೆ, ಬೀಟ್‌ಬಾಕ್ಸ್ ಡ್ರಮ್ಮಿನ ಸದ್ದನ್ನೇ ಅನುಕರಿಸುತ್ತದೆ. ‘ತಕಧಿಮಿ’ ಇಲ್ಲಿ ಮಾತಿನಂತೆ ಕೇಳಿಸಿಬಿಡುತ್ತದೆ. ವಾದ್ಯವಿಲ್ಲದ ಗುಂಪು ಹಾಡುತ್ತಾ ಹಾಡುತ್ತಾ ಶ್ರುತಿ ಇಳಿಯುವುದು ಸಹಜ, ಉಸಿರು ಸೋತಾಗ ಮತ್ತು ಒಂದೇ ಸ್ವರ ಮತ್ತೆಮತ್ತೆ ಬಂದಾಗ ಹೆಚ್ಚು. ಶ್ರುತಿಪೆಟ್ಟಿಗೆ ಆ್ಯಪ್‌ನಲ್ಲಿ ಮೊದಲ ಸ್ವರ ಹಿಡಿದು, ಹಾಡು ಮುಗಿದ ಕೂಡಲೇ ಮತ್ತೆ ಹಾಕಿ ಎಷ್ಟು ಜಾರಿದ್ದೀರೆಂದು ನೋಡಿ. ನಡುವೆ ಶ್ರುತಿ ಬದಲಾಗುವ ಹಾಡಿದ್ದರೆ ಪೂರ್ತಿ ಹಾಕಿಡಬೇಡಿ, ಜಗಳವಾಗುತ್ತದೆ.

ಬರೀ ಕೇಳುವವರು ಹೀಗೆ ಮಾಡಬಹುದು: ‘ಲೆಟ್ ಇಟ್ ಗೋ’ ತೆಗೆದುಹಾಕಿ, ‘ಶುಗರ್ ಪ್ಲಮ್’ ಅನ್ನು ಮೊದಲಿಗೆ ತಂದು, ‘ಸೈಲೆಂಟ್ ನೈಟ್’ಗೆ ಮುಗಿಯುವಂತೆ ಹತ್ತು ಹಾಡುಗಳ ಪಟ್ಟಿ ಮಾಡಿಕೊಳ್ಳಿ. ಅದರ ಹಿಂದೆ ಬೇರೆ ಏನನ್ನೂ ತಾನಾಗಿ ನುಡಿಸದಂತೆ ಆಟೊಪ್ಲೇ ಆರಿಸಿಡಿ.